ಔಟ್‌ಬೋರ್ಡ್ ತೆಗೆದು ಡೀಸೆಲ್ ಎಂಜಿನ್ ಕೂರಿಸಬಹುದಾ?

ಪ್ರಶ್ನೆ: ನಮ್ಮದು ಮೂಲ ಅಂಕೋಲಾ. ಹದಿನೈದು ವರ್ಷದಿಂದ ಗೋವಾದ ಬೇತುಲ್‌ನಲ್ಲಿದ್ದೇವೆ. 28 ಅಡಿಯ ಫೈಬರ್ ದೋಣಿ, ಹಿಂದೆ ತೂಗುಹಾಕಿದ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಮೂರು ಜನ ಹೋಗಿ ಗಿಲ್‌ನೆಟ್ ಬಲೆ ಬಿಡುತ್ತೇವೆ. ದುಡಿದದ್ದರಲ್ಲಿ ಅರ್ಧ ಎಣ್ಣೆಗೇ ಹೋಗುತ್ತಿದೆ. ಔಟ್‌ಬೋರ್ಡ್ ಮಾರಿ, ದೋಣಿಯ ಒಳಗೆ 30 ಎಚ್‌ಪಿ ಡೀಸೆಲ್ ಎಂಜಿನ್ ಕೂರಿಸೋಣ ಅಂತ ಇದ್ದೇನೆ. ಯಾವ ಕಂಪನಿಯದ್ದು ಒಳ್ಳೆಯದು?

ಉತ್ತರ: ಕಂಪನಿಯ ಮಾತು ಕೊನೆಗೆ ಇರಲಿ. ಮೊದಲು ನೀವು ನನಗೆ ಒಂದು ಹೇಳಬೇಕು. ನಿಮ್ಮ ದೋಣಿ ರಾತ್ರಿ ಎಲ್ಲಿರುತ್ತದೆ? ಮರಳಿನ ಮೇಲೆ ಎಳೆದು ಇಡುತ್ತೀರೋ, ಸಾಳ ನದಿಯಲ್ಲಿ ಕಟ್ಟಿ ಹಾಕುತ್ತೀರೋ?

ದಡಕ್ಕೆ ಎಳೆಯುವ ದೋಣಿಯಾದರೆ ಈ ಯೋಚನೆ ಇಲ್ಲಿಗೇ ಬಿಡಿ. ಔಟ್‌ಬೋರ್ಡ್‌ನ ದೊಡ್ಡ ಉಪಕಾರ ಏನು? ದಡ ಬಂದ ಕೂಡಲೇ ಎತ್ತಿಬಿಡಬಹುದು. ಒಳಗೆ ಕೂರಿಸಿದ ಎಂಜಿನ್ನಿಗೆ ಫ್ಯಾನ್ (ನೀರು ತಳ್ಳುವ ಪ್ರೊಪೆಲ್ಲರ್), ಅದನ್ನು ತಿರುಗಿಸುವ ಶಾಫ್ಟ್, ಚುಕ್ಕಾಣಿ ಎಲ್ಲವೂ ದೋಣಿಯ ಅಡಿಯಲ್ಲೇ ಇರುತ್ತವೆ. ಅಂಥ ದೋಣಿಯನ್ನು ಮರಳಿನ ಮೇಲೆ ಎಳೆದರೆ ಒಂದು ವಾರವೂ ಬಾಳುವುದಿಲ್ಲ. ಇದು ಹಳೆಯ ಸಮಸ್ಯೆ. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಒದ ಬಂಗಾಳ ಕೊಲ್ಲಿ ಯೋಜನೆಯವರು ಪೂರ್ವ ಕರಾವಳಿಯ ದೋಣಿಗಳಿಗೆ ಎಂಜಿನ್ನೂ ಶಾಫ್ಟೂ ಒಟ್ಟಿಗೆ ವಾಲಿ, ಫ್ಯಾನ್ ಮೇಲಕ್ಕೆ ಬರುವ ಹಾಗೆ ಒಂದು ಜೋಡಣೆ ಮಾಡಿದ್ದರು. ಆದರೆ ಅದಕ್ಕೆಂದೇ ಕಟ್ಟಿದ ದೋಣಿ ಬೇಕು. ನಿಮ್ಮ ದೋಣಿಗೆ ಹೊಲಿಯುವ ಅಂಗಿ ಅದಲ್ಲ.

ಕುಟ್ಬಣ ಜೆಟ್ಟಿಯ ಆಸುಪಾಸು ನೀರಲ್ಲೇ ಕಟ್ಟುವುದಾದರೆ ಮುಂದಿನ ಮಾತು ಆಡೋಣ. ಅಲ್ಲೂ ಒಂದು ಎಚ್ಚರಿಕೆ ಇದೆ. ಬೇತುಲ್ ಅಳಿವೆಯಲ್ಲಿ ಮರಳಿನ ದಿಬ್ಬ ಇರುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈಗ ನೀವು ಇಳಿತದಲ್ಲೂ ಔಟ್‌ಬೋರ್ಡ್ ಅರ್ಧ ಎತ್ತಿಕೊಂಡು ದಾಟುತ್ತೀರಿ. ಮುಂದೆ ಅದು ಆಗುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ನಮ್ಮಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಉಬ್ಬರ ನೋಡಿಕೊಂಡು ಹೋಗಿ ಬರುವ ಅಭ್ಯಾಸ ಮಾಡಿಕೊಳ್ಳಬೇಕು. ಫ್ಯಾನಿನ ಕೆಳಗೆ ದೋಣಿಯ ಉದ್ದಕ್ಕೆ ಒಂದು ಗಟ್ಟಿ ಪಟ್ಟಿ ಕೊಡಿಸಿ. ನೆಲ ತಾಗಿದರೂ ಮೊದಲ ಪೆಟ್ಟು ಅದು ತಿನ್ನಲಿ.

ಈಗ 30 ಎಚ್‌ಪಿ ವಿಷಯ. ಬೇಡ. ಖಂಡಿತ ಬೇಡ.

ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಒಂದು ಮಿತಿ ಇದೆ. ದೋಣಿಯ ಎಷ್ಟು ಉದ್ದ ನೀರಿಗೆ ತಾಗುತ್ತದೆ ಅನ್ನುವುದನ್ನು ಅಡಿಯಲ್ಲಿ ಅಳೆಯಿರಿ. ಅದರ ವರ್ಗಮೂಲಕ್ಕೆ 1.34ರಿಂದ ಗುಣಿಸಿ. ನಿಮ್ಮದು 28 ಅಡಿಯಾದರೆ ನೀರಿಗೆ ತಾಗುವುದು 25 ಅಡಿ ಅಂತ ಇಟ್ಟುಕೊಳ್ಳೋಣ. ವರ್ಗಮೂಲ 5. ಅಂದರೆ 6.7 ನಾಟ್, ಗಂಟೆಗೆ ಸುಮಾರು 12 ಕಿಲೋಮೀಟರ್. ಅದಕ್ಕಿಂತ ಜಾಸ್ತಿ ಓಡಿಸಲು ಹೋದರೆ ದೋಣಿ ತಾನೇ ಎಬ್ಬಿಸಿದ ತೆರೆಯ ಗುಂಡಿಯಲ್ಲಿ ಹಿಂಭಾಗ ಊರಿ ಕೂರುತ್ತದೆ. ಮುಂಭಾಗ ಮೇಲೇಳುತ್ತದೆ, ಎಣ್ಣೆ ಸುರಿಯುತ್ತದೆ, ವೇಗ ಮಾತ್ರ ಏರುವುದಿಲ್ಲ. ತೀರಾ ಸಪೂರದ ಹಗುರ ದೋಣಿಗಳು ಈ ಮಿತಿಯನ್ನು ಸ್ವಲ್ಪ ಮೀರುತ್ತವೆ. ಆದರೆ ಡೀಸೆಲ್ ಎಂಜಿನ್ ಹೊತ್ತ ಮೇಲೆ ನಿಮ್ಮದು ಹಗುರ ದೋಣಿಯಾಗಿ ಉಳಿಯುವುದಿಲ್ಲ ಅಲ್ವಾ?

ಲೆಕ್ಕ ಹೀಗಿಡಿ. ದೋಣಿ, ಜನ, ಬಲೆ, ಐಸು, ಮೀನು ಎಲ್ಲ ಸೇರಿದ ತೂಕದ ಪ್ರತಿ ಟನ್ನಿಗೆ 4ರಿಂದ 5 ಎಚ್‌ಪಿ ಸಾಕು. ತುಂಬಿದ ದೋಣಿ ಎರಡೂವರೆ ಟನ್ ಅಂದರೂ 10ರಿಂದ 12.5. ಎದುರುಗಾಳಿಗೆ, ಅಳಿವೆಯ ಸೆಳೆತಕ್ಕೆ ಅಂತ ಸ್ವಲ್ಪ ಕೈಯಲ್ಲಿರಲಿ. 15 ಎಚ್‌ಪಿ ಬೇಕಾದಷ್ಟಾಯಿತು.

ಎಣ್ಣೆಯಲ್ಲಿ ಉಳಿತಾಯ ಇದೆಯಾ? ಇದೆ, ಚೆನ್ನಾಗಿಯೇ ಇದೆ. ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಒಂದು ಎಚ್‌ಪಿಗೆ ಒಂದು ಗಂಟೆಗೆ ಹತ್ತಿರಹತ್ತಿರ ಅರ್ಧ ಲೀಟರ್ ಕುಡಿಯುತ್ತದೆ. ಡೀಸೆಲ್ ಕಾಲು ಲೀಟರ್‌ನಲ್ಲಿ ಅದೇ ಕೆಲಸ ಮುಗಿಸುತ್ತದೆ. ಇನ್ನೊಂದು ಲಾಭ ಫ್ಯಾನಿನಲ್ಲಿದೆ. ಔಟ್‌ಬೋರ್ಡ್‌ನ ಫ್ಯಾನ್ ಚಿಕ್ಕದು, ಗಿರಗಿರ ತಿರುಗುತ್ತದೆ. ಡೀಸೆಲ್‌ಗೆ 2ಕ್ಕೆ 1 ಅಥವಾ 3ಕ್ಕೆ 1 ಗಿಯರ್ ಹಾಕಿ ದೊಡ್ಡ ಫ್ಯಾನನ್ನು ನಿಧಾನ ತಿರುಗಿಸಬಹುದು. ಹುಟ್ಟು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಗಲದ ಹುಟ್ಟನ್ನು ನಿಧಾನ ಎಳೆದರೆ ದೋಣಿ ಮುಂದೆ ಹೋಗುತ್ತದೆ, ಸಣ್ಣ ಹಲಗೆಯಲ್ಲಿ ಪಟಪಟ ಬಡಿದರೆ ನೀರು ಹಾರುತ್ತದೆ ಅಷ್ಟೆ.

ಇಷ್ಟಾದರೂ ಸುಮ್ನೆ ನನ್ನ ಮಾತು ನಂಬಿ ಫೈಬರ್‌ಗೆ ತೂತು ಕೊರೆಯಬೇಡಿ. 15 ಎಚ್‌ಪಿ ಡೀಸೆಲ್ ಎಂಜಿನ್, ಮರೈನ್ ಗಿಯರ್‌ಬಾಕ್ಸ್, ಶಾಫ್ಟ್, ತುಂಬಿದ ಟ್ಯಾಂಕ್ ಎಲ್ಲ ಸೇರಿದರೆ 250 ಕೆಜಿ ಹತ್ತಿರ ಹೋಗಬಹುದು. ಔಟ್‌ಬೋರ್ಡ್ ಇಳಿಸಿದ್ದರಿಂದ ಕಡಿಮೆಯಾಗುವುದು 40 ಕೆಜಿ. ಮೂರು ಜನ ಹೋಗುವ ದೋಣಿಯಲ್ಲಿ ಇನ್ನು ಮೂರು ಆಳು ಸದಾ ಕೂತಂತೆ. ನಾನು ಎಲ್ಲರಿಗೂ ಹೇಳುವ ಪರೀಕ್ಷೆ ಇದು. ಎಂಜಿನ್ ಬರಬೇಕಾದ ಜಾಗದಲ್ಲಿ 200 ಕೆಜಿ ಮರಳಿನ ಚೀಲ ಇಟ್ಟು, ಜಾರದಂತೆ ಕಟ್ಟಿ, ಒಂದು ವಾರ ಹಾಗೆಯೇ ದುಡಿಯಿರಿ. ಬಲೆ ಎಳೆಯುವಾಗ ದೋಣಿಯ ಅಂಚು ಎಷ್ಟು ಕೆಳಗೆ ಬರುತ್ತದೆ, ಅಲೆ ಒಳಗೆ ಹಾರುತ್ತದಾ, ಕಾಲಿಡಲು ಜಾಗ ಉಳಿಯಿತಾ, ನೋಡಿ. ಆ ವಾರ ನಿಮಗೆ ಕಷ್ಟ ಅನ್ನಿಸಿದರೆ ನಿಮ್ಮ ದೋಣಿ ಬೇಡ ಅನ್ನುತ್ತಿದೆ ಅಂತಲೇ ಅರ್ಥ. 1953ರಲ್ಲಿ ಕೊಲ್ಲಂ ಹತ್ತಿರದ ನೀಂಡಕರಕ್ಕೆ ಬಂದ ನಾರ್ವೆಯವರು ಮೊದಲು ಅಲ್ಲಿನ ದೋಣಿಗಳಿಗೇ ಎಂಜಿನ್ ಕೂರಿಸಲು ನೋಡಿದರು. ಹೊಂದಲಿಲ್ಲ. ಕಡೆಗೆ ಎಂಜಿನ್ನಿಗಾಗಿ ಹೊಸ ದೋಣಿಗಳನ್ನೇ ಕಟ್ಟಿದರು. ಅಷ್ಟು ದುಡ್ಡು, ಅಷ್ಟು ತಜ್ಞರು ಇದ್ದವರಿಗೇ ಹಾಗಾಯಿತು.

ಪರೀಕ್ಷೆ ಪಾಸಾದರೆ ಎಂಜಿನ್ ಕೂರುವ ಅಡಿಪಾಯ ನೋಡಿ. ಮತ್ತಿಯಂಥ ಗಟ್ಟಿ ಮರದ ಎರಡು ತೊಲೆ, ಎಂಜಿನ್ನಿನ ಎರಡರಷ್ಟಾದರೂ ಉದ್ದ, ಮೇಲೆ ಫೈಬರ್ ಹೊದಿಸಿ ದೋಣಿಯ ಮೈಗೆ ಒಂದಾಗಿರಬೇಕು. ಎಂಜಿನ್ ಅಗಲದಷ್ಟೇ ಹಲಗೆ ಇಟ್ಟು ಬೋಲ್ಟ್ ಹೊಡೆದರೆ ಮಳೆಗಾಲ ಕಳೆಯುವಷ್ಟರಲ್ಲಿ ಫೈಬರ್ ಬಿರುಕು ಬಿಡುತ್ತದೆ. ಶಾಫ್ಟಿನ ಇಳಿಜಾರು 12 ಡಿಗ್ರಿ ದಾಟಬಾರದು. ಫ್ಯಾನಿನ ತುದಿಗೂ ದೋಣಿಯ ಮೈಗೂ ನಡುವೆ ಫ್ಯಾನಿನ ಅಗಲದ 15 ಶೇಕಡಾ ಜಾಗ ಇರಬೇಕು. 16 ಇಂಚಿನ ಫ್ಯಾನಿಗೆ ಅದು 6 ಸೆಂಟಿಮೀಟರ್, ಮೂರು ಬೆರಳಿಗಿಂತ ತುಸು ಜಾಸ್ತಿ. ಕೊರೆಯುವ ಮೊದಲು ಎಂಜಿನ್ ಜಾಗದಿಂದ ಹಿಂದಿನವರೆಗೆ ಹುರಿ ಎಳೆದು ಇವಿಷ್ಟನ್ನೂ ಅಳೆಯಿರಿ. ತೂತು ಕೊರೆದ ಮೇಲೆ ಅಳೆದು ಪ್ರಯೋಜನ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ದೋಣಿ ಹಾಳಾಗುವುದು ಅಲೈನ್‌ಮೆಂಟ್‌ನಲ್ಲಿ, ಅಂದರೆ ಎಂಜಿನ್ನೂ ಶಾಫ್ಟೂ ಒಂದೇ ನೇರಕ್ಕೆ ಕೂರುವುದರಲ್ಲಿ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ವಾಸ್ಕೊದಲ್ಲಿ ಕೆಲಸ ಶುರು ಮಾಡಿದ ಹೊಸತು. ದೋಣಿ ಇನ್ನೂ ದಡದ ಮೇಲೆ ಮರದ ದಿಮ್ಮಿಗಳ ಮೇಲಿತ್ತು. ಗಿಯರ್‌ಬಾಕ್ಸಿನ ಕಪ್ಲಿಂಗ್ (ಜೋಡಿಸುವ ತಟ್ಟೆ), ಶಾಫ್ಟಿನ ಕಪ್ಲಿಂಗ್ ಎರಡನ್ನೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಂತೆ ಕೂರಿಸಿ, ಬೋಲ್ಟ್ ಬಿಗಿದು, ಅದೇ ಸಂಜೆ ನೀರಿಗೆ ಇಳಿಸಿದೆವು. ಮೂರನೇ ದಿನ ಮಾಲೀಕರು ಕರೆದರು. ಶಾಫ್ಟ್ ಹೊರಹೋಗುವ ತೂತಿನಲ್ಲಿ ನೀರು ತಡೆಯುವ ಗ್ಲ್ಯಾಂಡ್ ಮುಟ್ಟಿದರೆ ಕೈ ಸುಡುತ್ತಿತ್ತು. ಬೇರಿಂಗಿನ ರಬ್ಬರ್ ಒಂದೇ ಕಡೆ ಸವೆದು, ಕಪ್ಪು ಹಿಟ್ಟು ಶಾಫ್ಟಿಗೆ ಮೆತ್ತಿಕೊಂಡಿತ್ತು. ಆಗ ಗೊತ್ತಾಯಿತು. ದಡದಲ್ಲಿ ದೋಣಿ ದಿಮ್ಮಿಯ ಮೇಲೆ ಕೂತಿರುತ್ತದೆ. ನೀರಲ್ಲಿ ತೇಲುತ್ತಾ ಬೇರೆಯದೇ ಆಕಾರಕ್ಕೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಶಾಫ್ಟಿಗೆ ಕಾಣುತ್ತದೆ.

ಹಾಗಾಗಿ ನೀರಿಗೆ ಇಳಿಸಿ, ಟ್ಯಾಂಕ್ ತುಂಬಿಸಿ, ಬಲೆ ಹೇರಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ನೀರು ಅಲುಗಾಡದೆ ಇರುವಾಗ ಕಪ್ಲಿಂಗಿನ ಬೋಲ್ಟ್ ಬಿಚ್ಚಿ. ಎರಡು ಮುಖಗಳ ನಡುವೆ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕೂ ಕಡೆ. 4 ಇಂಚಿನ ಕಪ್ಲಿಂಗಿನಲ್ಲಿ ನಾಲ್ಕು ಕಡೆಯ ವ್ಯತ್ಯಾಸ 0.1 ಮಿಲಿಮೀಟರ್ ಒಳಗೆ ಬರಬೇಕು. ಬರುವ ತನಕ ಎಂಜಿನ್ ಕಾಲುಗಳನ್ನು ಏರಿಸಿ, ಇಳಿಸಿ, ಮತ್ತೆ ತೂರಿಸಿ ನೋಡಬೇಕು. ಅರ್ಧ ದಿನ ಹಿಡಿಯುತ್ತದೆ. ಮಿಸ್ತ್ರಿ ಗಡಿಬಿಡಿ ಮಾಡಿದರೆ ನೀವು ಪಕ್ಕದಲ್ಲೇ ಕೂತಿರಿ.

ತಂಪು ಮಾಡುವ ವ್ಯವಸ್ಥೆಯಲ್ಲಿ ನನ್ನ ಆಯ್ಕೆ, ದೋಣಿಯ ಅಡಿಗೆ ಹೊರಗಿನಿಂದ ಪೈಪ್ ಹಾಯಿಸಿ ಅದರೊಳಗೆ ಸಿಹಿನೀರು ಸುತ್ತಿಸುವುದು. ಅಳಿವೆಯ ಮರಳು ನೀರು ಪಂಪಿನೊಳಗೆ ಹೋಗುವುದಿಲ್ಲ. ಉಪ್ಪುನೀರನ್ನೇ ಎಂಜಿನ್ನಿನೊಳಗೆ ಹಾಯಿಸಿದರೆ 60 ಡಿಗ್ರಿ ದಾಟಿದಂತೆ ಉಪ್ಪು ಒಳಗೆ ಕಟ್ಟಿಕೊಳ್ಳುತ್ತಾ ಬರುತ್ತದೆ.

ಇನ್ನು ಕಾಗದಪತ್ರ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕದ 61 ದಿನಗಳ ನಿಷೇಧದಲ್ಲಿ ಗೋವಾದಲ್ಲಿ 10 ಎಚ್‌ಪಿ ಒಳಗಿನ ಔಟ್‌ಬೋರ್ಡ್ ಇರುವ ಗಿಲ್‌ನೆಟ್ ದೋಣಿಗಳಿಗೆ ವಿನಾಯಿತಿ ಸಿಗುತ್ತಾ ಬಂದಿದೆ. ನೀವು ಈಗ ಆ ಲೆಕ್ಕದಲ್ಲಿದ್ದೀರಿ. ಒಳಗೆ 15 ಎಚ್‌ಪಿ ಡೀಸೆಲ್ ಬಂದ ದಿನ ನಿಮ್ಮ ದೋಣಿ ಬೇರೆ ವರ್ಗಕ್ಕೆ ಹೋಗುತ್ತದೆ. ಮಳೆಗಾಲದ ಸಂಪಾದನೆ ನಿಮ್ಮ ಮನೆಗೆ ಎಷ್ಟು ಮುಖ್ಯ ಅನ್ನುವುದನ್ನು ಎಣ್ಣೆ ಉಳಿತಾಯದ ಎದುರಿಗೆ ಇಟ್ಟು ತೂಗಿ. ಪಣಜಿಯ ಮೀನುಗಾರಿಕೆ ಇಲಾಖೆಗೆ ಹೋಗಿ, ಕೇಳುವುದನ್ನು ಬರೆದು ಕೊಟ್ಟು ಕೇಳಿ. ನೋಂದಣಿ ಪುಸ್ತಕದಲ್ಲಿ, ವಿಮೆಯಲ್ಲಿ ಎಂಜಿನ್ ಬದಲಾದದ್ದು ಬರೆಸದೆ ಸಮುದ್ರಕ್ಕೆ ಇಳಿಯಬೇಡಿ.

ಇಷ್ಟೆಲ್ಲ ದಾಟಿದ ಮೇಲೆ ಕಂಪನಿ. ವಾಸ್ಕೊ ಅಥವಾ ಮಡಗಾಂವ್‌ನಲ್ಲಿ ಯಾವುದರ ಬಿಡಿಭಾಗ ಅದೇ ದಿನ ಸಿಗುತ್ತದೋ ಅದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಸರ್, ಗುಜರಿಯಲ್ಲಿ ಮಿನಿ ಟ್ರಕ್ಕಿನ ಡೀಸೆಲ್ ಎಂಜಿನ್ ಗಿಯರ್‌ಬಾಕ್ಸ್ ಸಮೇತ ಕಡಿಮೆ ರೇಟಿಗೆ ಸಿಗುತ್ತಿದೆ. ಅದನ್ನೇ ದೋಣಿಗೆ ಹಾಕಬಹುದಾ? — ವಾಸ್ಕೊ

ಉತ್ತರ: ಎಂಜಿನ್ ಆಗಬಹುದು, ಗಿಯರ್‌ಬಾಕ್ಸ್ ಆಗುವುದಿಲ್ಲ. ಲಾರಿಯ ಗಿಯರ್‌ಬಾಕ್ಸ್ ತಿರುಗಿಸಲು ಮಾಡಿದ್ದು. ದೋಣಿಯಲ್ಲಿ ಫ್ಯಾನ್ ನೀರನ್ನು ಹಿಂದಕ್ಕೆ ನೂಕುವಾಗ ಶಾಫ್ಟ್ ಮುಂದಕ್ಕೆ ಒತ್ತುತ್ತದೆ. ದೋಣಿಯನ್ನು ಮುಂದೆ ತಳ್ಳುವುದೇ ಆ ಒತ್ತಡ. ಅದನ್ನು ತಡೆಯುವ ಬೇರಿಂಗ್ ಮರೈನ್ ಗಿಯರ್‌ಬಾಕ್ಸಿನಲ್ಲಿರುತ್ತದೆ, ಲಾರಿಯದ್ದರಲ್ಲಿ ಆ ಕೆಲಸಕ್ಕೆ ಇರುವುದಿಲ್ಲ.

ಎಂಜಿನ್ನಿಗೂ ಖರ್ಚು ಇದೆ. ರೇಡಿಯೇಟರ್ ಜಾಗಕ್ಕೆ ಬೇರೆ ತಂಪು ವ್ಯವಸ್ಥೆ, ಬಿಸಿ ಎಕ್ಸಾಸ್ಟ್‌ಗೆ ಹೊದಿಕೆ, ವಾಲಿಸಿ ಕೂರಿಸಿದಾಗಲೂ ಪಂಪಿಗೆ ಆಯಿಲ್ ಸಿಗುವಂಥ ಸಂಪ್ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ). ಇದೆಲ್ಲ ಕೂಡಿಸಿ ನೋಡಿ, ಗುಜರಿಯ ರೇಟು ಆಮೇಲೂ ಅಗ್ಗ ಅನ್ನಿಸಿದರೆ ಮುಂದುವರಿಯಿರಿ. ದೋಣಿಗೆ ತೂತೇ ಬೇಡ ಅನ್ನುವವರಿಗೆ ತಮಿಳುನಾಡಿನ ಕಡೆ ಬಳಸುವ ಉದ್ದ ಬಾಲದ ಡೀಸೆಲ್ ಎಂಜಿನ್ ಇದೆ. ಶಾಫ್ಟ್ ದೋಣಿಯ ಹಿಂದೆ ಉದ್ದಕ್ಕೆ ಚಾಚಿರುತ್ತದೆ, ಬೇಕಾದಾಗ ಎತ್ತಬಹುದು. ಸದ್ದು, ನಡುಕ ಎರಡೂ ಜಾಸ್ತಿ. ಆದರೆ ದಡಕ್ಕೆ ಎಳೆಯುವ ದೋಣಿಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಕಳೆದ ವರ್ಷ ಡೀಸೆಲ್ ಹಾಕಿಸಿದೆವು. ಪೂರ್ತಿ ರೇಸ್ ಕೊಟ್ಟರೆ ಕಪ್ಪು ಹೊಗೆ, ಎಂಜಿನ್ ಏಳುವುದೇ ಇಲ್ಲ. ಇಂಜೆಕ್ಟರ್ ಬದಲಿಸಿಯೂ ಆಯಿತು. ಜೊತೆಗೆ ಗ್ಲ್ಯಾಂಡಿನಿಂದ ನೀರು ತೊಟ್ಟಿಕ್ಕುತ್ತದೆ, ಎಷ್ಟು ಬಿಗಿದರೂ ನಿಲ್ಲುವುದಿಲ್ಲ. — ಚಾಪೊರಾ

ಉತ್ತರ: ಇಂಜೆಕ್ಟರ್ ಬದಲಿಸಿದ್ದೀರಿ, ಇನ್ನು ಏರ್ ಫಿಲ್ಟರ್ ಮತ್ತು ದೋಣಿಯ ಅಡಿಯ ಪಾಚಿ ಒಮ್ಮೆ ನೋಡಿ. ಅವು ಸರಿ ಇದ್ದರೆ ಫ್ಯಾನ್ ನೋಡಿ. ದೋಣಿ ತುಂಬಿರುವಾಗ ಪೂರ್ತಿ ರೇಸ್‌ಗೆ ಎಂಜಿನ್ ತನ್ನ ತಟ್ಟೆಯಲ್ಲಿ ಬರೆದ ಆರ್‌ಪಿಎಂ ಮುಟ್ಟಬೇಕು. ಮುಟ್ಟದೆ ಕಪ್ಪು ಹೊಗೆ ಬಂದರೆ ಫ್ಯಾನ್ ಅದಕ್ಕೆ ಭಾರವಾಗಿದೆ. ಪಿಚ್, ಅಂದರೆ ಒಂದು ಸುತ್ತಿಗೆ ಫ್ಯಾನ್ ಸಾಗಬೇಕಾದ ದೂರ, 1 ಇಂಚು ಇಳಿಸಿದರೆ ಎಂಜಿನ್ನಿನಲ್ಲಿ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಎಷ್ಟು ಕೊರತೆ ಇದೆ ಅಳೆದು, ಅಷ್ಟಕ್ಕೆ ತಕ್ಕಂತೆ ಪಿಚ್ ಬದಲಿಸಿಕೊಡಲು ಫ್ಯಾನ್ ಅಂಗಡಿಯವರಿಗೆ ಹೇಳಿ.

ಗ್ಲ್ಯಾಂಡ್ ಮಾತ್ರ ದಯವಿಟ್ಟು ಇನ್ನು ಬಿಗಿಯಬೇಡಿ. ಆ ನೀರೇ ಶಾಫ್ಟಿಗೂ ಅದರ ಸುತ್ತ ಬಿಗಿದ ಹುರಿಯ ಪ್ಯಾಕಿಂಗಿಗೂ ತಂಪು. ಎಂಜಿನ್ ಓಡುವಾಗ ನಿಮಿಷಕ್ಕೆ ಎಂಟು ಹತ್ತು ಹನಿ ಬಿದ್ದರೆ ಸರಿಯಾಗಿದೆ. ನಿಲ್ಲಿಸಿದಾಗ ಹನಿ ನಿಲ್ಲಬೇಕು, ಅಥವಾ ಅಪರೂಪಕ್ಕೆ ಒಂದು ಬೀಳಬೇಕು. ಅರ್ಧ ಗಂಟೆ ಓಡಿಸಿ, ಎಂಜಿನ್ ಬಂದ್ ಮಾಡಿ, ಶಾಫ್ಟ್ ನಿಂತ ಮೇಲೆ ಗ್ಲ್ಯಾಂಡಿನ ಮೇಲೆ ಕೈಯಿಡಿ. ಉಗುರು ಬೆಚ್ಚಗಿದ್ದರೆ ಹಾಗೇ ಬಿಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಎರಡೂ ನಟ್ಟುಗಳನ್ನು ಸಮನಾಗಿ, ಕಾಲು ಸುತ್ತು ಸಡಿಲಿಸಿ. ಆಮೇಲೂ ನೀರು ಧಾರೆಯಾಗಿ ಬಂದರೆ ಪ್ಯಾಕಿಂಗ್ ಸತ್ತಿದೆ. ದೋಣಿ ದಡಕ್ಕೆ ತಂದು ಹಳೆಯ ಸುತ್ತುಗಳನ್ನೆಲ್ಲ ಕಿತ್ತು ತೆಗೆದು ಹೊಸದು ಹಾಕಿಸಿ. ಹಳೆಯದರ ಮೇಲೆಯೇ ಒಂದು ಸುತ್ತು ಸೇರಿಸಿದರೆ ನಡೆಯುವುದಿಲ್ಲ.