ಗ್ಯಾಸ್ ಬಿಟ್ಟು ಕರೆಂಟಿಗೆ: ಮನೆಯ ಬಿಯರ್ ಹಂಡೆಯ ಬಗ್ಗೆ ನಾಲ್ಕು ಪ್ರಶ್ನೆ

ಪ್ರಶ್ನೆ: ಟೆಕ್ಸಾಸ್‌ನ ಪ್ಲೇನೊದಲ್ಲಿದ್ದೇನೆ. ಮೂರು ವರ್ಷದಿಂದ ಗ್ಯಾರೇಜಿನಲ್ಲಿ ಪ್ರೊಪೇನ್ ಒಲೆಯ ಮೇಲೆ 5 ಗ್ಯಾಲನ್ ಲೆಕ್ಕದಲ್ಲಿ ಬಿಯರ್ ಮಾಡಿಕೊಳ್ಳುತ್ತಿದ್ದೇನೆ. ಬೇಸಿಗೆಯಲ್ಲಿ ಆ ಒಲೆಯ ಮುಂದೆ ನಿಲ್ಲಲಾಗುತ್ತಿಲ್ಲ. ಎಲೆಕ್ಟ್ರಿಕ್‌ಗೆ ಬದಲಾಯಿಸಬೇಕೆಂದಿದ್ದೇನೆ. ಮಾಮೂಲಿ 120 ವೋಲ್ಟ್ ಸಾಲದೇ? ಒಂದೇ ಹಂಡೆ ಸಾಕೇ, ಮೂರು ಬೇಕೇ? ಮೊದಲು ಏನು ಕೊಳ್ಳಲಿ?

ಉತ್ತರ: ಗ್ಯಾರೇಜಿನೊಳಗೆ ಪ್ರೊಪೇನ್ ಉರಿಸುವುದನ್ನು ಇವತ್ತೇ ನಿಲ್ಲಿಸಿ. ಹೊಸ ಘಟಕ ಆಗುವವರೆಗೆ ಒಲೆಯನ್ನು ಹೊರಗೆ, ಬಯಲಿನಲ್ಲಿಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಬಾಗಿಲು ಅರ್ಧ ತೆರೆದಿಟ್ಟಿದ್ದೇನೆ ಅನ್ನುವ ಧೈರ್ಯಕ್ಕೆ ಅದು ಬಗ್ಗುವುದಿಲ್ಲ.

ಈಗ ಲೆಕ್ಕ. 5 ಗ್ಯಾಲನ್ ಬಿಯರ್ ಕೈಗೆ ಸಿಗಬೇಕಾದರೆ ಕುದಿಸಲು ಇಡುವುದು ಸುಮಾರು 7 ಗ್ಯಾಲನ್, ಅಂದರೆ 26.5 ಲೀಟರ್. ಒಂದು ಲೀಟರ್ ನೀರಿನ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಲು 4.19 ಕಿಲೊಜೌಲ್ ಬೇಕು. 20 ಡಿಗ್ರಿಯ ನಲ್ಲಿ ನೀರನ್ನು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೆನೆಸುವ 67 ಡಿಗ್ರಿಗೆ ತರಲು ಹತ್ತಿರ ಹತ್ತಿರ 5,200 ಕಿಲೊಜೌಲ್ ಆಯಿತು. 5,500 ವಾಟ್‌ನ ಎಲಿಮೆಂಟಿಗೆ ಇದು 16 ನಿಮಿಷದ ಕೆಲಸ. 120 ವೋಲ್ಟ್ ಸಾಕೆಟ್ಟಿನಿಂದ ಸಿಗುವ 1,500 ವಾಟ್‌ಗೆ ಒಂದು ಗಂಟೆಯ ಕೆಲಸ. ಅಷ್ಟು ಹೊತ್ತು ಕಾಯುತ್ತೇನೆ ಎಂದು ನೀವು ಹೇಳಬಹುದು. ತೊಡಕು ಬರುವುದು ಆಮೇಲೆ, ಕುದಿಯಲ್ಲಿ. ಚೆನ್ನಾಗಿ ಕುದಿಯುವ ಹಂಡೆಯಿಂದ ಗಂಟೆಗೆ 4 ಲೀಟರ್‌ನಷ್ಟು ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು 2,257 ಕಿಲೊಜೌಲ್ ಬೇಕಾದ್ದರಿಂದ ಆ ಕುದಿಯನ್ನು ಹಿಡಿದಿಡಲು 2,500 ವಾಟ್ ಬೇಕೇ ಬೇಕು. 1,500 ವಾಟ್‌ನಲ್ಲಿ ಹಂಡೆ ಕುದಿಯುವುದಕ್ಕಿಂತ ಮಿಸುಕಾಡುತ್ತದೆ ಅನ್ನಬೇಕು. ಪೇಲವವಾಗಿ ಕುದಿದ ವರ್ಟ್‌ನಲ್ಲಿ, ಅಂದರೆ ಮಾಲ್ಟ್ ನೆನೆಸಿ ಬಸಿದ ರಸದಲ್ಲಿ, ಡೈಮಿಥೈಲ್ ಸಲ್ಫೈಡ್ ಉಳಿದುಕೊಂಡು, ತಿಳಿ ಬಣ್ಣದ ಬಿಯರಿಗೆ ಬೇಯಿಸಿದ ಮೆಕ್ಕೆಜೋಳದ ವಾಸನೆ ಬರುತ್ತದೆ. ಆದ್ದರಿಂದ 240 ವೋಲ್ಟ್, 5,500 ವಾಟ್. ಇದೇ ಎಲಿಮೆಂಟನ್ನು 120 ವೋಲ್ಟ್‌ಗೆ ಹಾಕಿ ನೋಡೋಣ ಅನ್ನಬೇಡಿ, ವೋಲ್ಟೇಜ್ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಸಿಗುವುದು 1,375 ವಾಟ್ ಮಾತ್ರ.

ಎಲಿಮೆಂಟ್ ಕೊಳ್ಳುವಾಗ ಒಟ್ಟು ವಾಟ್ ಜೊತೆಗೆ ಚದರ ಇಂಚಿಗೆ ಎಷ್ಟು ವಾಟ್ ಎಂದು ಕೇಳಿ. ಅಗ್ಗದ ಗೀಸರ್ ಎಲಿಮೆಂಟುಗಳಲ್ಲಿ ಇದು 150ರ ಆಸುಪಾಸು ಇರುತ್ತದೆ. ಬರೀ ನೀರಿಗೆ ಅದು ಸರಿ. ವರ್ಟ್ ಅಂದರೆ ಸಕ್ಕರೆ, ಪ್ರೊಟೀನ್, ತೇಲುವ ಹಿಟ್ಟು ಎಲ್ಲ ಇರುವ ಪಾಕ, ಅಂಥ ಕಾವಿಗೆ ತಳ ಹಿಡಿಯುತ್ತದೆ. ಮಡಚಿ ಅಲೆಅಲೆಯಾಗಿ ಬಾಗಿಸಿದ ಉದ್ದನೆಯ ಎಲಿಮೆಂಟ್ ಸಿಗುತ್ತದೆ, ಅದು ಚದರ ಇಂಚಿಗೆ 50 ವಾಟ್ ಮಟ್ಟದ್ದು. ಅದನ್ನೇ ತನ್ನಿ. ಬುಡವೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಮಾಮೂಲಿ ಸ್ಟೀಲಿನ ಬುಡಕ್ಕೆ ನಾಲ್ಕಾರು ಸಲದಲ್ಲೇ ತುಕ್ಕು ಹಿಡಿಯುತ್ತದೆ.

ಒಂದೇ ಹಂಡೆ ಸಾಕು. ಬಟ್ಟೆಯ ಚೀಲದಲ್ಲಿ ಮಾಲ್ಟ್ ಕಟ್ಟಿ ನೆನೆಸಿ, ಚೀಲ ಎತ್ತಿ ಬಸಿದು, ಅದೇ ಹಂಡೆಯಲ್ಲಿ ಕುದಿಸುವ ವಿಧಾನಕ್ಕೆ ಜಾಗವೂ ಕಡಿಮೆ, ತೊಳೆಯುವುದೂ ಕಡಿಮೆ. ಮೂರು ಹಂಡೆ, ಎರಡು ಪಂಪು ನೋಡಲು ಬಲು ಚೆಂದ, ನನಗೂ ಇಷ್ಟ. ಆದರೆ 5 ಗ್ಯಾಲನ್‌ಗೆ ಅದರ ಅಗತ್ಯವಿಲ್ಲ. ಚೀಲ ಎಲಿಮೆಂಟಿಗೆ ತಾಗದ ಹಾಗೆ ನಡುವೆ ತೂತಿನ ತಟ್ಟೆಯೊಂದನ್ನು ಕೂರಿಸಿ.

ಮೊದಲು ಏನು ಕೊಳ್ಳಲಿ ಅಂದಿರಿ. ನಾನು ಕಾಣುವ ಹೆಚ್ಚಿನ ತಪ್ಪು ಇಲ್ಲೇ ಆಗುವುದು. ಹೊಳೆಯುವ ಹಂಡೆ ಮೊದಲು ಬರುತ್ತದೆ, ಬ್ರೇಕರ್ ಕೊನೆಗೆ, ಅಥವಾ ಬರುವುದೇ ಇಲ್ಲ. ನೀವು ತಿರುಗಿಸಿ ಮಾಡಿ. ಮೊದಲು ಎರಡು ಪೋಲಿನ (ಎರಡೂ ತಂತಿಯನ್ನು ಒಟ್ಟಿಗೆ ಕಡಿಯುವ), 30 ಆಂಪ್‌ನ ಜಿಎಫ್‌ಸಿಐ ಬ್ರೇಕರ್, ಅಂದರೆ ಕರೆಂಟು ಸೋರಿದರೆ ಲೈನು ಕಡಿಯುವ ಬ್ರೇಕರ್ ತನ್ನಿ. ಊರಿನಲ್ಲಿ ಬಕೆಟ್ಟಿಗೆ ಇಮ್ಮರ್ಷನ್ ರಾಡ್ ಇಟ್ಟಾಗ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದರು, "ಸ್ವಿಚ್ ಆರಿಸಿ ಕೈ ಹಾಕೋ" ಅಂತ. ಬಿಯರ್ ಹಂಡೆಯಲ್ಲಿ ಆ ಮಾತು ನಡೆಯುವುದಿಲ್ಲ. ಎಲಿಮೆಂಟಿಗೆ ಕರೆಂಟು ಹರಿಯುತ್ತಿರುವಾಗಲೇ ನೀವು ಸೌಟು ಆಡಿಸಬೇಕು, ಕಹಿ ಕೊಡುವ ಹಾಪ್ಸ್ ಹೂ ಹಾಕಬೇಕು, ಒದ್ದೆ ಕೈಯಲ್ಲಿ ನಲ್ಲಿ ತಿರುಗಿಸಬೇಕು. ಮಾಮೂಲಿ ಬ್ರೇಕರ್ ನೋಡುವುದು ವೈರ್ ಸುಡುತ್ತದೆಯೇ ಎಂಬುದನ್ನಷ್ಟೇ, ಅದು 30 ಆಂಪ್ ದಾಟುವವರೆಗೆ ಸುಮ್ಮನಿರುತ್ತದೆ. ಜಿಎಫ್‌ಸಿಐ ಒಳಗೆ ಹೋದ ಕರೆಂಟು, ಹಿಂದೆ ಬಂದ ಕರೆಂಟು ಎರಡನ್ನೂ ತಾಳೆ ನೋಡುತ್ತದೆ. 5 ಮಿಲಿಆಂಪ್‌ನಷ್ಟು ವ್ಯತ್ಯಾಸ ಕಂಡರೆ ಸಾಕು, ಕಡಿದುಹಾಕುತ್ತದೆ. ಊರಲ್ಲಿ ಆರ್‌ಸಿಸಿಬಿ ಅನ್ನುತ್ತೇವಲ್ಲ, ಅದೇ ತತ್ವ. ಅಲ್ಲಿ ಮನೆಗಳಿಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪ್‌ನದು, ಇದು ಅದಕ್ಕಿಂತ ಸೂಕ್ಷ್ಮ. ಪ್ರತಿ ಸಲ ಕೆಲಸ ಶುರುಮಾಡುವ ಮುಂಚೆ ಅದರ ಟೆಸ್ಟ್ ಗುಂಡಿ ಒತ್ತಿ, ಬಿತ್ತೋ ಇಲ್ಲವೋ ನೋಡಿ.

ವೈರ್ 10 ಗೇಜಿನ ತಾಮ್ರ. ಎಲಿಮೆಂಟ್ ಎಳೆಯುವುದು 22.9 ಆಂಪ್. ಗಂಟೆಗಟ್ಟಲೆ ಹರಿಯುವ ಲೋಡಿಗೆ ಬ್ರೇಕರಿನ ನೂರಕ್ಕೆ 80 ಭಾಗವನ್ನಷ್ಟೇ ಬಳಸಬೇಕು ಎಂಬ ನಿಯಮವಿದೆ. 30 ಆಂಪ್‌ಗೆ ಅದು 24, ಹಾಗಾಗಿ ಸರಿಹೋಗುತ್ತದೆ. ಹಂಡೆಯ ಮೈಗೆ ಅರ್ತ್ ವೈರನ್ನು ಬೋಲ್ಟು, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಕ್ಲಿಪ್ಪು ಕಚ್ಚಿಸಿ ಬಿಡುವಂಥದ್ದಲ್ಲ ಅದು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹಳೆಯ ಮನೆ ಕೊಂಡಿದ್ದೇವೆ. ಬೇಸ್‌ಮೆಂಟಿನಲ್ಲಿ ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ ಇದೆ, ಮೂರೇ ತೂತು. ಎರಡು ಫೇಸ್, ಒಂದು ಅರ್ತ್ ಇರಬೇಕಲ್ಲ? ನೇರವಾಗಿ ಬಳಸಬಹುದೇ?

ಉತ್ತರ: ಬೇಡ. ಆ ಮೂರನೆಯದು ಅರ್ತ್ ಅಲ್ಲ, ನ್ಯೂಟ್ರಲ್. ನೀಮಾ 10-30 ಎಂಬ ಈ ಹಳೆಯ ಸಾಕೆಟ್ಟಿನಲ್ಲಿ ಯಂತ್ರದ ಮೈಯನ್ನು ನ್ಯೂಟ್ರಲ್‌ಗೇ ಜೋಡಿಸಿಬಿಡುವ ಪದ್ಧತಿಯಿತ್ತು. 1996ರ ರಾಷ್ಟ್ರೀಯ ವಿದ್ಯುತ್ ಸಂಹಿತೆಯಿಂದೀಚೆಗೆ ಹೊಸ ಡ್ರೈಯರ್ ಲೈನುಗಳಿಗೆ ನಾಲ್ಕು ತಂತಿ, ನಾಲ್ಕು ತೂತಿನ ನೀಮಾ 14-30 ಕಡ್ಡಾಯವಾಯಿತು. ನ್ಯೂಟ್ರಲನ್ನು ಹಂಡೆಗೆ ಕಟ್ಟಿದಿರಿ ಎನ್ನಿ. ಎಲ್ಲೋ ಪ್ಯಾನೆಲಿನಲ್ಲಿ ಆ ತಂತಿ ಸಡಿಲವಾದ ದಿನ, ನಿಯಂತ್ರಕದ ಮೂಲಕವೋ ಪಂಪಿನ ಮೂಲಕವೋ 120 ವೋಲ್ಟ್ ಹಂಡೆಯ ಮೈಗೆ ಬಂದು ಕೂರುತ್ತದೆ. ನೀವು ನಿಂತಿರುವುದು ಬೇಸ್‌ಮೆಂಟಿನ ಒದ್ದೆ ಕಾಂಕ್ರೀಟಿನ ಮೇಲೆ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಅರ್ತ್ ಸೇರಿ ನಾಲ್ಕು ತಂತಿಯ 10 ಗೇಜ್ ಕೇಬಲ್ ಎಳೆಸಿ. ನಿಮ್ಮ ಹಳೆಯ ಪ್ಯಾನೆಲ್ಲಿಗೆ ಹೊಂದುವ ಜಿಎಫ್‌ಸಿಐ ಬ್ರೇಕರ್ ಸಿಗದಿದ್ದರೆ ಒಂದು ಉಪಾಯವಿದೆ. ಹೊರಾಂಗಣದ ಬಿಸಿನೀರ ತೊಟ್ಟಿಗಳಿಗೆ ಹಾಕುವ ಸ್ಪಾ ಪ್ಯಾನೆಲ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ, ಒಳಗೆ 50 ಆಂಪ್ ಜಿಎಫ್‌ಸಿಐ ಇರುತ್ತದೆ. ಅದು ಸೋರಿಕೆಯನ್ನು ಹಿಡಿಯುವ ಕೆಲಸ ಮಾತ್ರ ಮಾಡಲಿ. 10 ಗೇಜ್ ವೈರನ್ನು ಕಾಯಲು ಮುಖ್ಯ ಪ್ಯಾನೆಲಿನಲ್ಲಿ 30 ಆಂಪ್ ಬ್ರೇಕರ್ ಇರಲೇಬೇಕು. ಈ ಎರಡನೆಯದನ್ನು ಮರೆತು 50ಕ್ಕೇ ಬಿಟ್ಟವರನ್ನು ನೋಡಿದ್ದೇನೆ. ವೈರ್ ಕಾದು ಹೊದಿಕೆ ಮೆತ್ತಗಾದರೂ ಆ ಬ್ರೇಕರ್ ಬೀಳುವುದಿಲ್ಲ.

ಬೇಸ್‌ಮೆಂಟ್ ಅಂದಿರಲ್ಲ, ಗಂಟೆಗೆ 4 ಲೀಟರ್ ಆವಿ ಎಲ್ಲಿಗೆ ಹೋಗಬೇಕು ಎಂದೂ ಯೋಚಿಸಿ. ಹಂಡೆಯ ಮೇಲೊಂದು ಹುಡ್, ಹೊರಕ್ಕೆ ಎಳೆಯುವ ಫ್ಯಾನ್ ಇಲ್ಲದಿದ್ದರೆ ಒಂದೇ ಚಳಿಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಡೆನ್ವರ್‌ನಲ್ಲಿದ್ದೇನೆ. ಪಿಐಡಿ ನಿಯಂತ್ರಕ (ಇಟ್ಟ ಬಿಸಿಗೆ ತಕ್ಕಂತೆ ಕರೆಂಟು ಹೊಂದಿಸುವ ಸಾಧನ), ಸಾಲಿಡ್ ಸ್ಟೇಟ್ ರಿಲೇ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ ಪೆಟ್ಟಿಗೆ ಕಟ್ಟಿದೆ, ಚಿತ್ರ ಕಳಿಸಿದ್ದೇನೆ. ಮಾಲ್ಟ್ ನೆನೆಸುವಾಗ 67 ಡಿಗ್ರಿಗೆ ಸರಿಯಾಗಿ ನಿಲ್ಲುತ್ತದೆ. ಕುದಿಸಲು 100ಕ್ಕೆ ಇಟ್ಟರೆ ಮಾತ್ರ ಹುಚ್ಚು ಹಿಡಿದಂತೆ ಕುದಿದು ಎರಡು ಸಲ ಉಕ್ಕಿ ಹೋಯಿತು. ನಿಯಂತ್ರಕ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೀವಿರುವ ಊರು ಸಮುದ್ರಮಟ್ಟದಿಂದ ಒಂದು ಮೈಲಿ, ಅಂದರೆ 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದೇ 95 ಡಿಗ್ರಿಯ ಹತ್ತಿರ. ನಿಯಂತ್ರಕಕ್ಕೆ ನೀವು 100 ಅಂದಿದ್ದೀರಿ, ವರ್ಟ್ 95ರಲ್ಲೇ ಕುದಿಯುತ್ತ ನಿಂತಿದೆ. ಇನ್ನೂ ಐದು ಡಿಗ್ರಿ ಬಾಕಿ ಎಂದು ಅದು 5,500 ವಾಟನ್ನೂ ಬಿಡದೆ ಸುರಿಯುತ್ತಿದೆ. ಕುದಿಯುವ ನೀರಿಗೆ ಎಷ್ಟು ಕಾವು ಕೊಟ್ಟರೂ ಬಿಸಿ ಏರುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಕುದಿಸುವಾಗ ಪಿಐಡಿಯನ್ನು ಮ್ಯಾನ್ಯುಯಲ್‌ಗೆ ಹಾಕಿ, ಡಿಗ್ರಿಯ ಬದಲು ಶೇಕಡಾವಾರು ಕೊಡಿ. ಏರುವವರೆಗೆ 100, ನೊರೆ ಕಾಣುತ್ತಿದ್ದಂತೆ 60, ನೊರೆ ಕುಸಿದ ಮೇಲೆ 45ರಿಂದ 50. ಮೊದಲ ಕುದಿಯಲ್ಲಿ ಪ್ರೊಟೀನಿನ ನೊರೆ ಹಾಲು ಉಕ್ಕಿದ ಹಾಗೇ ಏಳುತ್ತದೆ. ಹಾಲಿನ ಪಾತ್ರೆಯ ಮುಂದೆ ನಿಲ್ಲುವ ಹಾಗೇ ಆ ಹತ್ತು ನಿಮಿಷ ನಿಲ್ಲಬೇಕು.

ನಿಮ್ಮ ಚಿತ್ರದಲ್ಲಿ ನನಗೆ ಕಳವಳ ತಂದದ್ದು ಬೇರೆ. ಪೆಟ್ಟಿಗೆಯಲ್ಲಿ ಕಾಂಟ್ಯಾಕ್ಟರ್, ಅಂದರೆ ಇಡೀ ಲೈನನ್ನೇ ಕಡಿಯುವ ದೊಡ್ಡ ಸ್ವಿಚ್, ಕಾಣಲಿಲ್ಲ. ಸಾಲಿಡ್ ಸ್ಟೇಟ್ ರಿಲೇ ಹಾಳಾದಾಗ ಹೆಚ್ಚಾಗಿ ಆನ್ ಆಗಿಯೇ ಹಾಳಾಗುತ್ತದೆ. ನನಗೆ ಇದು ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ. ಮಾಲ್ಟ್ ಹಾಕಿ 66ಕ್ಕೆ ನಿಲ್ಲಿಸಿ, ಒಳಗೆ ಹೋಗಿ ತಿಂಡಿ ತಿಂದು ಬಂದೆ. ಪರದೆಯ ಮೇಲೆ 81. ನಿಯಂತ್ರಕದ ಔಟ್‌ಪುಟ್ ದೀಪ ಆರಿತ್ತು, ಎಲಿಮೆಂಟ್ ಮಾತ್ರ ಗುಂಯ್‌ಗುಡುತ್ತಲೇ ಇತ್ತು. ಮೊಳಕೆ ರಾಗಿ ಹಿಟ್ಟಿನ ಗಂಜಿ ಬೇಗ ನೀರಾಗುವುದನ್ನು ಅಡುಗೆಮನೆಯಲ್ಲಿ ಕಂಡಿರುತ್ತೀರಿ. ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಕಿಣ್ವದ ಕೆಲಸ ಅದು. ಮಾಲ್ಟ್‌ನಲ್ಲೂ ಇದೇ ಕಿಣ್ವ, 80 ದಾಟಿದರೆ ಅದರ ಕಥೆ ಮುಗಿಯಿತು. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಒಂದು ಹನಿ ವರ್ಟ್ ಬಿಟ್ಟು, ಪಕ್ಕದಲ್ಲಿ ಒಂದು ಹನಿ ಟಿಂಕ್ಚರ್ ಅಯೋಡಿನ್ ಇಟ್ಟು ಕಡ್ಡಿಯಿಂದ ಸೇರಿಸಿದೆ. ಕ್ಷಣದಲ್ಲಿ ನೀಲಿಗಪ್ಪು. ಪಿಷ್ಟ ಹಾಗೇ ಉಳಿದಿತ್ತು. ಅವತ್ತಿನ ಐದು ಕಿಲೊ ಮಾಲ್ಟ್ ತಿಪ್ಪೆಗೆ ಹೋಯಿತು. ಹಂಡೆಯಲ್ಲಿ ನೀರು ಕಡಿಮೆಯಿದ್ದು ಎಲಿಮೆಂಟ್ ಬರಿದಾಗಿದ್ದರೆ ನಷ್ಟ ಮಾಲ್ಟ್‌ನಲ್ಲಿ ಮುಗಿಯುತ್ತಿರಲಿಲ್ಲ.

ಆದ್ದರಿಂದ ರಿಲೇಗಿಂತ ಮುಂಚೆ ಎರಡು ಪೋಲಿನ ಕಾಂಟ್ಯಾಕ್ಟರ್ ಹಾಕಿ, ಅದರ ಕಾಯಿಲನ್ನು ಪೆಟ್ಟಿಗೆಯ ಮುಂದಿನ ಸ್ವಿಚ್ಚಿಗೆ ಕೊಡಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದ 240 ವೋಲ್ಟ್‌ನಲ್ಲಿ ಎರಡೂ ತಂತಿ ಜೀವಂತ. ನಿಮ್ಮ ರಿಲೇ ಕಡಿಯುವುದು ಒಂದನ್ನು ಮಾತ್ರ. ಪಿಐಡಿ "ಆಫ್" ಎಂದು ತೋರಿಸುವಾಗಲೂ ಎಲಿಮೆಂಟಿನ ತುದಿಯಲ್ಲಿ 120 ವೋಲ್ಟ್ ಕಾಯುತ್ತಿರುತ್ತದೆ. ಮುಚ್ಚಳ ಬಿಚ್ಚುವ ಮುಂಚೆ ಪ್ಲಗ್ಗನ್ನೇ ಕೀಳಿ.

ರಿಲೇಯ ಶಾಖದ ಬಗ್ಗೆಯೂ ಒಂದು ಮಾತು. 23 ಆಂಪ್ ಹರಿಯುವಾಗ ಅದು ತಾನೇ 25ರಿಂದ 35 ವಾಟ್ ಕಾವು ಬಿಡುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅದು ಬಹಳ ದಿನ ಬಾಳುವುದಿಲ್ಲ. ಕಾವನ್ನು ಹೊರಹಾಕುವ ಲೋಹದ ಹೀಟ್‌ಸಿಂಕ್ ಪೆಟ್ಟಿಗೆಯ ಹೊರಗಿರಲಿ, ನಡುವೆ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ.

ಪ್ರಶ್ನೆ: ಹನ್ನೆರಡು ವರ್ಷದ ನಂತರ ಸಿಯಾಟಲ್‌ನಿಂದ ಮೈಸೂರಿಗೆ ವಾಪಸಾಗುತ್ತಿದ್ದೇವೆ. ಕೈಯಾರೆ ಕಟ್ಟಿದ ಎಲೆಕ್ಟ್ರಿಕ್ ಘಟಕ ಬಿಟ್ಟುಬರಲು ಮನಸ್ಸಿಲ್ಲ. ಕಂಟೇನರಿನಲ್ಲಿ ತಂದರೆ ಅಲ್ಲಿ ನಡೆಯುತ್ತದೆಯೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಮೈಸೂರಿನಲ್ಲಿ ಅದರಿಂದ ಬಿಯರ್ ಮಾಡುವಂತಿಲ್ಲ. ಅಮೆರಿಕದಲ್ಲಿ 1978ರ ಫೆಡರಲ್ ಕಾನೂನು ಸ್ವಂತ ಬಳಕೆಗೆ ಅವಕಾಶ ಕೊಟ್ಟಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100, ಮಾರುವಂತಿಲ್ಲ. ಅಲ್ಲೂ ಎಲ್ಲ ರಾಜ್ಯಗಳೂ ಒಪ್ಪಲು 2013ರವರೆಗೆ ಹಿಡಿಯಿತು. ಕೊನೆಗೆ ಬಂದವು ಮಿಸಿಸಿಪ್ಪಿ, ಅಲಬಾಮಾ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳೆಲ್ಲ ಪರವಾನಗಿ ಪಡೆದು ನಡೆಯುತ್ತಿರುವಂಥವು. ಸ್ವಲ್ಪವೇ ಮಾಡುತ್ತೇನೆ, ಮನೆಯವರಿಗಷ್ಟೇ ಎಂಬ ಮಾತು ನಡೆಯುವುದಿಲ್ಲ.

ವಿದ್ಯುತ್ತಿನ ಕಡೆಯಿಂದಲೂ ಅದು ಸುಲಭದ ಕಸಿಯಲ್ಲ. ಎಲಿಮೆಂಟಿಗೆ 50 ಹರ್ಟ್ಸ್ ಆದರೇನು, 60 ಆದರೇನು. 230 ವೋಲ್ಟ್‌ನಲ್ಲಿ 5,050 ವಾಟ್ ಕೊಡುತ್ತದೆ. ಆದರೆ ಎಳೆಯುವುದು 22 ಆಂಪ್, ನಮ್ಮ ಗೀಸರ್ ಸಾಕೆಟ್ 16ರದು. ಪಂಪು, ಕಾಂಟ್ಯಾಕ್ಟರ್ ಕಾಯಿಲ್, ಸೂಚಕ ದೀಪ ಇವೆಲ್ಲ 120 ವೋಲ್ಟಿನವು. ಫೇಸ್, ನ್ಯೂಟ್ರಲ್ ನಡುವೆ 230 ಬರುವ ಕಡೆ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಸಿಯಾಟಲ್ ಸುತ್ತ ಮನೆಯಲ್ಲೇ ಬಿಯರ್ ಮಾಡುವವರು ಬಹಳ. ಪೆಟ್ಟಿಗೆಯ ವೈರಿಂಗ್ ಚಿತ್ರವನ್ನು ಒಳಗೇ ಅಂಟಿಸಿ, ತೆಗೆದುಕೊಳ್ಳುವವರ ಮುಂದೆ ಒಂದು ಸಲ ನೀರು ಕಾಯಿಸಿ, ಜಿಎಫ್‌ಸಿಐ ಗುಂಡಿ ಒತ್ತಿ ತೋರಿಸಿ ಕೊಟ್ಟು ಬನ್ನಿ. ಹಂಡೆಯೊಂದನ್ನು ಮಾತ್ರ ತನ್ನಿ: ಎಲಿಮೆಂಟಿನ ತೂತಿಗೆ ಸ್ಟೀಲಿನ ಬಿರಡೆ ಹಾಕಿಸಿದರೆ ಹಬ್ಬದ ದಿನ ಐವತ್ತು ಜನಕ್ಕೆ ಸಾರು ಕಾಯಿಸಬಹುದು.