ಕೊಡೆ ಮೊದಲೋ, ಉಂಡೆ ಮೊದಲೋ? ಅಣಬೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ಕಾಫಿ ತೋಟದಲ್ಲಿ ಕೊಡೆಯಂಥವು, ಉಂಡೆಯಂಥವು, ಬಿದ್ದ ಮರದಲ್ಲಿ ಹಲಗೆಯಂಥವು ಏಳುತ್ತವೆ. ಇವೆಲ್ಲ ಒಂದೇ ಕುಲವೇ? ಮೊದಲು ಬಂದದ್ದು ಯಾವುದು?
– ನಾಪೋಕ್ಲುವಿನ ಓದುಗರು

ಉತ್ತರ: ಮೊದಲು ಬಂದದ್ದು ಕೊಡೆಯಲ್ಲ, ಉಂಡೆಯೂ ಅಲ್ಲ. ಡಿಎನ್‌ಎ ಹೋಲಿಸಿ ಕಟ್ಟಿದ ವಂಶವೃಕ್ಷದ ಪ್ರಕಾರ ಇವುಗಳ ಪೂರ್ವಜರು ಕೊಂಬೆಗೆ ಸುಣ್ಣ ಬಳಿದಂತೆ ಚಪ್ಪಟೆಯಾಗಿ ಅಂಟಿಕೊಂಡಿದ್ದ ಪದರಗಳು. ತೋಟದಲ್ಲಿ ಬಿದ್ದ ಒದ್ದೆ ಕೊಂಬೆಯನ್ನು ಮಗುಚಿ ನೋಡಿ, ಅಂಥವು ಈಗಲೂ ಸಿಗುತ್ತವೆ. ಅಲ್ಲಿಂದ ಕೊಡೆ ಹುಟ್ಟಿದ್ದು ಒಂದೇ ಸಲವಲ್ಲ, ಬೇರೆ ಬೇರೆ ಕವಲುಗಳಲ್ಲಿ ಮತ್ತೆ ಮತ್ತೆ.

ಕಾರಣ ಬೀಜಕ, ಅಂದರೆ ಅಣಬೆಗೆ ಬೀಜದಂತಿರುವ ಸೂಕ್ಷ್ಮ ಕಣ, ಹಾರಿಸುವ ರೀತಿಯಲ್ಲಿದೆ. ಬೀಜಕದ ಬುಡದಲ್ಲಿ ನೀರಿನ ಒಂದು ಸಣ್ಣ ಹನಿ ಕಟ್ಟುತ್ತದೆ. ಅದು ಬೀಜಕದ ಮೈಮೇಲಿನ ತೇವಕ್ಕೆ ತಾಗಿ ಒಂದಾದ ಕ್ಷಣ ತೂಕ ಪಕ್ಕಕ್ಕೆ ಸರಿದು ಬೀಜಕ ಚಿಮ್ಮುತ್ತದೆ. ಚಿಮ್ಮುವ ದೂರ ಒಂದು ಮಿಲಿಮೀಟರ್‌ಗೂ ಕಡಿಮೆ. ಹೆಚ್ಚಾಗಿದ್ದರೆ ಕೊಡೆಯಡಿ ಸಾಲಾಗಿರುವ ತೆಳು ಹಾಳೆಗಳಲ್ಲಿ ಎದುರಿನದಕ್ಕೆ ಹೋಗಿ ಅಂಟಿಬಿಡುತ್ತಿತ್ತು. ಚಿಮ್ಮಿದ್ದು ಎರಡು ಹಾಳೆಗಳ ನಡುವೆ ನೇರ ಕೆಳಗಿಳಿದು ಗಾಳಿಗೆ ಸೇರುತ್ತದೆ. ಹಾಳೆಗಳ ಮೇಲೆ ಮಳೆ ಬಿದ್ದರೆ ಈ ಕೆಲಸ ನಿಲ್ಲುತ್ತದೆ. ಅದಕ್ಕೇ ಮೇಲೆ ಕೊಡೆ, ಗಾಳಿಗೆ ಎತ್ತಿ ಹಿಡಿಯಲು ಕೆಳಗೆ ಕಾಂಡ.

ಉಂಡೆಗಳು ಚಿಮ್ಮಿಸುವುದನ್ನೇ ಬಿಟ್ಟ ಅಣಬೆಗಳು. ಬೀಜಕ ಒಳಗೇ ಬಲಿತು ಪುಡಿಯಾಗುತ್ತದೆ, ಮಳೆಹನಿ ಬಡಿದಾಗ ಹೊಗೆಯಂತೆ ಹೊರಬರುತ್ತದೆ. ಆಕಾರ ನೋಡಿ ಸಂಬಂಧ ಕಟ್ಟಲಾಗದು ಎಂಬುದು ಇಲ್ಲಿ ಸ್ಪಷ್ಟ: ಲೈಕೋಪರ್ಡಾನ್ ಎಂಬ ಉಂಡೆ ಅಂಗಡಿಯ ಬಟನ್ ಅಣಬೆಗೆ ಹತ್ತಿರ. ನೋಡಲು ಅದರಂತೆಯೇ ಇರುವ ಸ್ಕ್ಲೆರೋಡರ್ಮಾ, ಕೊಡೆಯಡಿ ಹಾಳೆಯ ಬದಲು ರಂಧ್ರಗಳಿರುವ ಬೊಲೀಟ್‌ಗಳ ಬಳಗದ್ದು, ವಿಷಕಾರಿ. ಎಳೆಯದನ್ನು ಉದ್ದಕ್ಕೆ ಸೀಳಿ. ಲೈಕೋಪರ್ಡಾನ್ ಒಳಗೆ ಅಚ್ಚ ಬಿಳಿ. ಸ್ಕ್ಲೆರೋಡರ್ಮಾದ ಸಿಪ್ಪೆ ದಪ್ಪ, ಒಳಗೆ ಬೇಗನೆ ನೇರಳೆಗಪ್ಪು ತಿರುಗಿರುತ್ತದೆ. ಸೀಳಿದಾಗ ಒಳಗೆ ಪುಟ್ಟ ಕೊಡೆಯ ಗೆರೆ ಕಂಡರೆ ಅದು ಉಂಡೆಯೇ ಅಲ್ಲ, ಇನ್ನೂ ಬಿರಿಯದ ಅಮಾನಿಟಾ ಇರಬಹುದು. ಅದರಲ್ಲಿ ಪ್ರಾಣ ತೆಗೆಯುವ ಜಾತಿಗಳಿವೆ.

ಪ್ರಶ್ನೆ: ಅಣಬೆಯ ಪಳೆಯುಳಿಕೆ ಸಿಕ್ಕಿದೆಯೇ?
– ಕುಶಾಲನಗರದ ವಿದ್ಯಾರ್ಥಿನಿ

ಉತ್ತರ: ಸಿಕ್ಕಿದೆ, ಆದರೆ ಬಹಳ ಅಪರೂಪ. ಮೆತ್ತಗಿನ ಮೈ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಬ್ರೆಜಿಲ್‌ನ ಸುಣ್ಣಕಲ್ಲಿನಲ್ಲಿ ಸಿಕ್ಕ ಗೊಂಡ್ವಾನಗರಿಸೈಟಿಸ್ ಸುಮಾರು 11.5 ಕೋಟಿ ವರ್ಷ ಹಳೆಯದು. 2017ರಲ್ಲಿ ಅದರ ವಿವರ ಪ್ರಕಟವಾಯಿತು. ಅಷ್ಟು ಹಿಂದೆಯೇ ಅದಕ್ಕೆ ಕೊಡೆ, ಹಾಳೆ, ಕಾಂಡ ಮೂರೂ ಇದ್ದವು.

ಪ್ರಶ್ನೆ: ಹುತ್ತದ ಕುಮ್ಮ್ (ಅಣಬೆ) ವರ್ಷವೂ ಒಂದೇ ಜಾಗದಲ್ಲಿ ಏಳುವುದೇಕೆ? ಆಯ್ಸ್ಟರ್ ಅಣಬೆಯಂತೆ ಮನೆಯಲ್ಲಿ ಬೆಳೆಯಬಹುದೇ?
– ವಿರಾಜಪೇಟೆಯ ಓದುಗರು

ಉತ್ತರ: ಬೆಳೆಯಲಾಗದು. ಆಯ್ಸ್ಟರ್ ಅಣಬೆಗೆ ಹದವಾಗಿ ಬೇಯಿಸಿದ ಹುಲ್ಲು ಸಾಕು. ಹುತ್ತದ ಅಣಬೆ, ಅಂದರೆ ಟರ್ಮಿಟೊಮೈಸಿಸ್, ಗೆದ್ದಲಿನ ಕೈಯಲ್ಲಿ ಬೆಳೆಯುವ ಬೆಳೆ. ಗೆದ್ದಲು ತಿಂದ ಎಲೆ, ಕಡ್ಡಿ ಅದರ ಹಿಕ್ಕೆಯಲ್ಲಿ ಹೊರಬಂದು ನೆಲದೊಳಗೆ ಸ್ಪಂಜಿನಂಥ ತಟ್ಟಿಯಾಗುತ್ತದೆ. ಅಣಬೆಯ ಎಳೆಗಳು ಅದನ್ನು ಅರಗಿಸುತ್ತವೆ, ಹುಳ ಅದನ್ನೇ ಉಣ್ಣುತ್ತದೆ. ಈ ಸಹವಾಸ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರುವಾದದ್ದು. ಗೂಡು ಜೀವಂತವಾಗಿರುವವರೆಗೂ ಜಾಗ ಬದಲಾಗದು. ಗೂಡು ಅಗೆದರೆ ಮುಂದಿನ ವರ್ಷ ಕುಮ್ಮ್ ಇಲ್ಲ. ಕೀಳುವಾಗ ಬೇರಿನಂಥ ಭಾಗ ಉದ್ದಕ್ಕೆ ಬರುವುದು ಅದು ಗೂಡಿನಿಂದ ಮೇಲೇರಿ ಬಂದದ್ದರಿಂದ. ಕೊಡೆಯ ನೆತ್ತಿಯ ಗಟ್ಟಿ ಮೊನೆ ಮಣ್ಣು ಸೀಳಲು.

ಪ್ರಶ್ನೆ: ಬೀಜಕದ ಬಣ್ಣ ನೋಡುವುದು ಹೇಗೆ?
– ಸೋಮವಾರಪೇಟೆಯ ಓದುಗರು

ಉತ್ತರ: ಪೂರ್ತಿ ಬಿರಿದ ತಾಜಾ ಕೊಡೆಯ ಕಾಂಡವನ್ನು ಕೊಡೆಗೆ ತಾಗಿದಂತೆ ಕತ್ತರಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಹಾಳೆಗಳು ಕೆಳಗಾಗುವಂತೆ ಇಟ್ಟು ಬಟ್ಟಲು ಮುಚ್ಚಿ. 6ರಿಂದ 12 ಗಂಟೆಯಲ್ಲಿ ಬಣ್ಣದ ಗೆರೆಗಳು ಮೂಡುತ್ತವೆ. ಮೊಗ್ಗಿನಂಥದ್ದಿಟ್ಟರೆ ಏನೂ ಬೀಳದು. ಮಳೆಗಾಲದ ಕಕ್ಕಡ ತಿಂಗಳ ತೇವಕ್ಕೆ ಕಾಗದ ಒದ್ದೆಯಾದರೆ ಗುರುತು ಕಲಸಿಹೋಗುತ್ತದೆ. ಟರ್ಮಿಟೊಮೈಸಿಸ್ ತಿಳಿ ಗುಲಾಬಿ, ಅಮಾನಿಟಾ ಬಿಳಿ. ಹಸಿರು ಬಂದರೆ ಅದು ಹುಲ್ಲುಹಾಸಿನ ವಿಷದ ಕ್ಲೋರೊಫಿಲ್ಲಮ್. ಆದರೆ ಗುಲಾಬಿ ಬಂದ ಮಾತ್ರಕ್ಕೆ ಬೇಯಿಸಬೇಡಿ: ಎಂಟೊಲೋಮಾ ಜಾತಿಗಳೂ ಗುಲಾಬಿಯೇ, ಅವುಗಳಲ್ಲಿ ವಿಷವಿದ್ದವೂ ಇವೆ. ಬುಡವನ್ನು ಕಡಿಯದೆ ಅಗೆದು ನೋಡಿ. ಚೀಲದಂಥ ಬಟ್ಟಲಿದ್ದರೆ ಬಿಟ್ಟುಬಿಡಿ. ವಿಷವಿದ್ದರೆ ಬೆಳ್ಳಿ ನಾಣ್ಯ, ಬೆಳ್ಳುಳ್ಳಿ ಕಪ್ಪಾಗುತ್ತವೆ ಎಂಬ ಪರೀಕ್ಷೆಗಳಿಗೆ ಅರ್ಥವಿಲ್ಲ. ಅಮಾನಿಟಾದ ಮಾರಕ ವಿಷ ಕುದಿಸಿದರೂ ಹೋಗದು, ವಾಂತಿ ಭೇದಿ ಶುರುವಾಗುವುದು 6 ಗಂಟೆಗೂ ತಡವಾಗಿ. ನಡುವೆ ಸುಧಾರಿಸಿದಂತೆ ಕಂಡರೂ ಯಕೃತ್ತು ಹಾಳಾಗುತ್ತಿರುತ್ತದೆ. ತಡಮಾಡದೆ ಆಸ್ಪತ್ರೆಗೆ ಹೋಗಿ, ಉಳಿದ ಹಸಿ ಅಣಬೆಯನ್ನು ಪ್ಲಾಸ್ಟಿಕ್‌ನಲ್ಲಲ್ಲ, ಕಾಗದದಲ್ಲಿ ಸುತ್ತಿ ಒಯ್ಯಿರಿ.