ಸಿಸಿಲಿಯಲ್ಲಿ ಏನೇನು ನೋಡಬೇಕು, ಯಾವುದನ್ನು ಬಿಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಅಕ್ಟೋಬರ್‌ನಲ್ಲಿ ಒಂಬತ್ತು ದಿನ ಸಿಸಿಲಿಗೆ ಹೋಗುತ್ತಿದ್ದೀರಿ. ಜೊತೆಗೆ ಅರವತ್ತು ದಾಟಿದ ಅಪ್ಪ ಅಮ್ಮ. ಅಪ್ಪ ಕಟ್ಟಾ ಸಸ್ಯಾಹಾರಿ. ನೋಡಲೇಬೇಕಾದ ಜಾಗ ಯಾವುವು, ತಾವೊರ್ಮೀನಾ ಪಟ್ಟಣಕ್ಕೆ ಹೋಗಲೇಬೇಕಾ, ಎಟ್ನಾ ಜ್ವಾಲಾಮುಖಿ ಹತ್ತಬಹುದಾ ಎಂದು ಕೇಳಿದ್ದೀರಿ. ನಾನು ಉತ್ತರ ಇಟಲಿಯಲ್ಲಿ ಕೆಲಸದಲ್ಲಿದ್ದೇನೆ. ರಜೆ ಸಿಕ್ಕಿದರೆ ಸಿಸಿಲಿಗೆ ಹೊರಟುಬಿಡುತ್ತೇನೆ. ಊರಿಂದ ಬಂದ ಮನೆಯವರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಮೊದಲಿಗೆ, ಇಡೀ ದ್ವೀಪ ಸುತ್ತುವ ಯೋಚನೆ ಬಿಡಿ. ಸಿಸಿಲಿ ಕರ್ನಾಟಕದ ಏಳನೇ ಒಂದು ಭಾಗದಷ್ಟೂ ಇಲ್ಲ, ನಿಜ. ಆದರೆ ಒಳನಾಡೆಲ್ಲ ಗುಡ್ಡ, ರೈಲು ನಿಧಾನ. ದಿನಕ್ಕೊಂದು ಊರು ಅಂತ ಇಟ್ಟುಕೊಂಡರೆ ಅಪ್ಪ ಅಮ್ಮ ಕಾರಿನ ಕಿಟಕಿಯಿಂದಲೇ ಸಿಸಿಲಿ ನೋಡಬೇಕಾಗುತ್ತದೆ. ಪಲೆರ್ಮೊದಲ್ಲಿ ಮೂರು ರಾತ್ರಿ, ಅಗ್ರಿಜೆಂತೊದಲ್ಲಿ ಒಂದು, ಸಿರಾಕ್ಯೂಸ್‌ನಲ್ಲಿ ನಾಲ್ಕು ರಾತ್ರಿ ಸಾಕು. ಪಲೆರ್ಮೊಗೆ ಬಂದಿಳಿಯಿರಿ, ವಾಪಸ್ ಕತಾನಿಯಾದಿಂದ ಹೊರಡಿ. ಬಂದ ದಾರಿಯಲ್ಲೇ ಹಿಂತಿರುಗುವ ಕೆಲಸ ತಪ್ಪುತ್ತದೆ.

ಇನ್ನೊಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಗ್ರೀಕರು, ಕಾರ್ಥೇಜಿನವರು, ರೋಮನ್ನರು, ಬೈಜಾಂಟೈನರು, ಅರಬರು, ಉತ್ತರ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು, ಸ್ಪೇನಿನವರು ಎಲ್ಲರೂ ಈ ದ್ವೀಪವನ್ನು ಆಳಿದ್ದಾರೆ. ಬಹಳ ಕಡೆ ಹೊಸದಾಗಿ ಬಂದವರು ಹಳಬರ ಕಟ್ಟಡವನ್ನು ಪೂರ್ತಿ ಕೆಡವಲಿಲ್ಲ. ಅದರೊಳಗೇ ತಮ್ಮ ದೇವರನ್ನು ಕೂರಿಸಿಕೊಂಡರು. ಒಂದೇ ಗೋಡೆಯಲ್ಲಿ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಚರಿತ್ರೆ ಕಾಣುವುದು ಇಲ್ಲಿಯ ವಿಶೇಷ. ಅದಕ್ಕೇ ಹತ್ತು ಜಾಗ ಓಡಿ ನೋಡುವ ಬದಲು ನಾಲ್ಕು ಕಟ್ಟಡಗಳ ಮುಂದೆ ಸಮಾಧಾನವಾಗಿ ನಿಂತು ನೋಡಿ.

ಪಲೆರ್ಮೊದಲ್ಲಿ ಮೊದಲು ಹೋಗಬೇಕಾದದ್ದು ನಾರ್ಮನ್ನರ ಅರಮನೆಯೊಳಗಿನ ಕಪೆಲ್ಲಾ ಪಲಾತೀನಾಗೆ. 1130ರ ಕ್ರಿಸ್‌ಮಸ್ ದಿನ ಪಟ್ಟಕ್ಕೆ ಬಂದ ಎರಡನೇ ರೋಜರ್ ಕಟ್ಟಿಸಿದ ಪ್ರಾರ್ಥನಾ ಮಂದಿರ ಅದು. ಗೋಡೆ ಪೂರ್ತಿ ಬೈಜಾಂಟೈನ್ ಶೈಲಿಯ ಬಂಗಾರದ ಮೊಸಾಯಿಕ್, ಅಂದರೆ ಪುಟ್ಟ ಪುಟ್ಟ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳು. ಎಲ್ಲರೂ ಅದನ್ನೇ ನೋಡಿ ಹೊರಬಂದುಬಿಡುತ್ತಾರೆ. ನೀವು ಕತ್ತೆತ್ತಿ ಮರದ ಛಾವಣಿ ನೋಡಿ. ಚಿಕ್ಕ ಚಿಕ್ಕ ಗೂಡುಗಳನ್ನು ಒಂದರ ಪಕ್ಕ ಒಂದು ಇಳಿಬಿಟ್ಟ ಹಾಗೆ ಕೆತ್ತಿದ, ಇಸ್ಲಾಮೀ ಶೈಲಿಯ ಕೆಲಸ ಅದು. ಆ ಗೂಡುಗಳಲ್ಲಿ ವಾದ್ಯ ನುಡಿಸುವವರು, ಚದುರಂಗ ಆಡುವವರು, ಪ್ರಾಣಿಗಳು. ಕ್ರೈಸ್ತ ದೊರೆಯ ಪೂಜಾಸ್ಥಳದ ನೆತ್ತಿಯ ಮೇಲೆ ಅರಬ್ ಶೈಲಿಯ ಆಸ್ಥಾನದ ಚಿತ್ರಗಳು! ಒಂದು ಸಣ್ಣ ದುರ್ಬೀನು ಇದ್ದರೆ ತೆಗೆದುಕೊಂಡು ಹೋಗಿ, ತುಂಬಾ ಉಪಯೋಗಕ್ಕೆ ಬರುತ್ತದೆ.

ಈ ಅರಮನೆಯಲ್ಲಿ ಈಗ ಸಿಸಿಲಿಯ ವಿಧಾನಸಭೆ ನಡೆಯುತ್ತದೆ. ಹಾಗಾಗಿ ವಾರದ ನಡುವೆ ರಾಜರ ಕೋಣೆಗಳನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಶುಕ್ರವಾರದಿಂದ ಸೋಮವಾರದ ಒಳಗೆ ಹೋಗುವ ಹಾಗೆ ನೋಡಿಕೊಳ್ಳಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಅದು ಬೇಡ.

ಅಲ್ಲಿಂದ ಕತೀಡ್ರಲ್‌ಗೆ ನಡೆದೇ ಹೋಗಬಹುದು. ದಕ್ಷಿಣ ದಿಕ್ಕಿನ ಬಾಗಿಲ ಮುಂದಿನ ಮಂಟಪದಲ್ಲಿ ಎಡಗಡೆಯ ಕಂಬ ಹುಡುಕಿ. ಅದರ ಮೇಲೆ ಕುರಾನಿನ ವಾಕ್ಯ ಕೆತ್ತಿದ್ದು ಇವತ್ತಿಗೂ ಇದೆ. ಆ ಜಾಗದಲ್ಲಿ ಮೊದಲು ಮಸೀದಿ ಇತ್ತು. ಸ್ವಲ್ಪ ಮುಂದೆ ಮಾರ್ತೊರಾನಾ ಎಂಬ ಇಗರ್ಜಿಯಿದೆ. ರೋಜರ್ ದೊರೆಗೆ ಕ್ರಿಸ್ತನೇ ಕಿರೀಟ ಇಡುವ ಮೊಸಾಯಿಕ್ ಅಲ್ಲಿದೆ. ಪಕ್ಕದಲ್ಲೇ ಕೆಂಪು ಗುಮ್ಮಟಗಳ ಸಾನ್ ಕತಾಲ್ದೊ ಇಗರ್ಜಿ.

ಸಮಯ ಸಿಕ್ಕರೆ ಜೀಸಾ ಎಂಬ ಹಳೆಯ ಬೇಸಿಗೆ ಅರಮನೆಗೂ ಹೋಗಿ. ಪ್ರವಾಸಿಗಳು ಅಲ್ಲಿಗೆ ಕಮ್ಮಿ. ನನಗಂತೂ ಪಲೆರ್ಮೊದಲ್ಲಿ ಬಹಳ ಇಷ್ಟವಾದ ವಸ್ತು ಅಲ್ಲಿದೆ. ಗ್ರಿಸಾಂತೊ ಎಂಬ ಪಾದ್ರಿ ತನ್ನ ತಾಯಿ ಅನ್ನಾಳಿಗಾಗಿ ಮಾಡಿಸಿದ 1149ರ ಸಮಾಧಿ ಕಲ್ಲು ಅದು. ಅದರ ಮೇಲಿನ ಬರಹ ಲ್ಯಾಟಿನ್‌ನಲ್ಲಿದೆ, ಗ್ರೀಕ್‌ನಲ್ಲಿದೆ, ಅರಬ್ಬಿಯಲ್ಲಿದೆ, ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯಲ್ಲೂ ಇದೆ. ಊರಿನವರು ಯಾರೇ ಬಂದರೂ ತನ್ನ ಅಮ್ಮನ ಹೆಸರು ಓದಲಿ ಎಂದು ಆ ಮಗನಿಗೆ ಅನಿಸಿರಬೇಕು. ಅಮ್ಮನ ಜೊತೆ ಹೋಗುತ್ತಿದ್ದೀರಲ್ಲ, ಅದನ್ನು ತೋರಿಸದೆ ಬರಬೇಡಿ.

ಅರ್ಧ ದಿನ ಮೊನ್ರೆಯಾಲೆಗೆ ಇಡಿ. ಪಲೆರ್ಮೊದ ಪಿಯಾಟ್ಸಾ ಇಂಡಿಪೆಂಡೆನ್ಸಾದಿಂದ ಬಸ್ ಸಿಗುತ್ತದೆ. ರೋಜರನ ಮೊಮ್ಮಗ ಎರಡನೇ ವಿಲಿಯಂ 1170ರ ದಶಕದಲ್ಲಿ ಕಟ್ಟಲು ಶುರುಮಾಡಿದ ಕತೀಡ್ರಲ್ ಅದು. ಒಳಗೆ ಆರು ಸಾವಿರ ಚದರ ಮೀಟರಿಗೂ ಹೆಚ್ಚು ಮೊಸಾಯಿಕ್ ಇದೆ. ಹೊರಗಿನ ಅಂಗಳದ ಸುತ್ತ ಇನ್ನೂರಕ್ಕೂ ಹೆಚ್ಚು ಕಂಬಗಳು, ಎರಡೆರಡಾಗಿ ನಿಂತಿವೆ. ಅಂಗಳಕ್ಕೆ ಬೇರೆ ಟಿಕೆಟ್. ಆ ದುಡ್ಡು ಉಳಿಸಲು ಹೋಗಬೇಡಿ. ಅಪ್ಪ ಅಮ್ಮನಿಗೆ ಕೂತು ಸುಧಾರಿಸಿಕೊಳ್ಳಲೂ ಒಳ್ಳೆಯ ಜಾಗ.

ಪಲೆರ್ಮೊ ಬಿಡುವ ದಿನ ಕಾರು ತೆಗೆದುಕೊಳ್ಳಿ. ಪಲೆರ್ಮೊ ಅಗ್ರಿಜೆಂತೊ ನಡುವೆ ರೈಲು ಇದೆ, ಸುಮಾರು ಎರಡು ಗಂಟೆ. ಆದರೆ ಅಗ್ರಿಜೆಂತೊದಿಂದ ಸಿರಾಕ್ಯೂಸ್‌ಗೆ ಹೋಗುವಾಗ ದಾರಿಯಲ್ಲಿ ನೋಡಬೇಕಾದ ಜಾಗಕ್ಕೆ ಬಸ್ಸು ನಂಬಿ ಹೋಗುವುದು ಕಷ್ಟ. ನೀವೇ ಓಡಿಸುವುದಾದರೆ ಭಾರತದಿಂದ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಹಳೇ ಪೇಟೆಯ ಬೀದಿಗಳಲ್ಲಿ 'ಜೆಡ್‌ಟಿಎಲ್' (ವಾಹನ ನಿರ್ಬಂಧಿತ ವಲಯ) ಎಂಬ ಬೋರ್ಡ್ ಕಂಡರೆ ಒಳಗೆ ಹೋಗಬೇಡಿ. ಕ್ಯಾಮೆರಾ ನಂಬರ್ ಹಿಡಿಯುತ್ತದೆ. ತಿಂಗಳುಗಳಾದ ಮೇಲೆ ದಂಡದ ಕಾಗದ ಮನೆಗೇ ಬರುತ್ತದೆ.

ಅಗ್ರಿಜೆಂತೊದ ದೇವಾಲಯಗಳ ಕಣಿವೆ ನಿಜಕ್ಕೂ ಕಣಿವೆಯಲ್ಲ, ಬೆಟ್ಟದ ಏಣು. ಮೇಲಿನ ಬಾಗಿಲಲ್ಲಿ, ಜೂನೋ ದೇವಾಲಯದ ಹತ್ತಿರ ಇಳಿದುಕೊಳ್ಳಿ. ಅಲ್ಲಿಂದ ಕೆಳಗೆ ನಡೆಯುತ್ತಾ ಬಂದರೆ ಅಮ್ಮನ ಮೊಣಕಾಲಿಗೆ ಆಯಾಸವಾಗುವುದಿಲ್ಲ. ಬಿಸಿಲು ತಗ್ಗುವ ಹೊತ್ತಿಗೆ, ಮಧ್ಯಾಹ್ನ ಮೂರರ ಮೇಲೆ ಹೋಗಿ. ನಡುವೆ ಇರುವ ಕಾಂಕಾರ್ಡಿಯಾ ದೇವಾಲಯ ಕ್ರಿ.ಪೂ. 440–430ರ ಹೊತ್ತಿನದು. ಇಷ್ಟು ಗಟ್ಟಿಯಾಗಿ ಉಳಿದ ಗ್ರೀಕ್ ದೇವಾಲಯ ಗ್ರೀಸ್‌ನಲ್ಲೂ ಅಪರೂಪ. ಉಳಿದದ್ದು ಯಾಕೆ ಗೊತ್ತಾ? ಕ್ರಿ.ಶ. ಆರನೇ ಶತಮಾನದ ಕೊನೆಯಲ್ಲಿ ಅದನ್ನು ಇಗರ್ಜಿ ಮಾಡಿಕೊಂಡರು. ಆಗ ಒಳಗೋಡೆಗಳಲ್ಲಿ ಕೊರೆದ ಕಮಾನುಗಳು ಈಗಲೂ ಕಾಣುತ್ತವೆ. ಇನ್ನೂ ಕೆಳಗೆ ಒಲಿಂಪಿಯನ್ ಜ್ಯೂಸ್ ದೇವಾಲಯ ಪೂರ್ತಿ ಬಿದ್ದಿದೆ. ಅದನ್ನು ಹೊತ್ತು ನಿಂತಿದ್ದ ಏಳು ಮೀಟರ್ ದಾಟುವ ಕಲ್ಲಿನ ಆಳುಗಳಲ್ಲಿ ಒಬ್ಬನನ್ನು ಅಲ್ಲಿಯ ಮ್ಯೂಸಿಯಂನಲ್ಲಿ ನಿಲ್ಲಿಸಿದ್ದಾರೆ. ಮರುದಿನ ಬೆಳಿಗ್ಗೆ ಅದನ್ನೂ ನೋಡಿಕೊಂಡು ಹೊರಡಿ.

ಗ್ರೀಕ್ ದೇವಾಲಯಗಳಿರುವ ಸೆಜೆಸ್ತಾ, ಸೆಲಿನುಂತೆ ಎರಡೂ ಚೆನ್ನಾಗಿವೆ. ಆದರೆ ಈ ಸಲ ಬೇಡ. ಅಗ್ರಿಜೆಂತೊ ನೋಡಿದವರಿಗೆ ಆ ಸಮಯ ಬೇರೆ ಕಡೆ ಬೇಕಾಗುತ್ತದೆ.

ಆ ಬೇರೆ ಕಡೆ ಅಂದರೆ ಪಿಯಾಟ್ಸಾ ಅರ್ಮೆರಿನಾ ಊರಿನ ಹತ್ತಿರದ ವಿಲ್ಲಾ ರೊಮಾನಾ ದೆಲ್ ಕಸಾಲೆ. ನಾಲ್ಕನೇ ಶತಮಾನದ ಯಾರೋ ಭಾರೀ ಶ್ರೀಮಂತನ ಹಳ್ಳಿಮನೆ. 12ನೇ ಶತಮಾನದಲ್ಲಿ ಮಣ್ಣು ಕುಸಿದು ಮುಚ್ಚಿಹೋಯಿತು, ಅದರಿಂದಲೇ ನೆಲದ ಚಿತ್ರಗಳು ಉಳಿದವು. ಸುಮಾರು 3,500 ಚದರ ಮೀಟರ್ ಮೊಸಾಯಿಕ್! ಬಿಕಿನಿ ಹಾಕಿದ ಹುಡುಗಿಯರ ಚಿತ್ರದ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ. ನೀವು ಉದ್ದನೆಯ ಬೇಟೆಯ ಓಣಿಗೆ ಹೆಚ್ಚು ಹೊತ್ತು ಕೊಡಿ. ರೋಮಿನ ಆಟಗಳಿಗಾಗಿ ಪ್ರಾಣಿಗಳನ್ನು ಹಿಡಿದು, ಕಟ್ಟಿ, ಹಡಗಿಗೆ ಹತ್ತಿಸುವ ದೃಶ್ಯ ಉದ್ದಕ್ಕೂ ಇದೆ. ಓಣಿಯ ಒಂದು ತುದಿಯಲ್ಲಿ ಆನೆ ಮತ್ತು ಹುಲಿಯ ನಡುವೆ, ದಂತ ಹಿಡಿದ ಶ್ಯಾಮಲ ವರ್ಣದ ಹೆಂಗಸು ಕೂತಿದ್ದಾಳೆ. ಅವಳು ಭಾರತ ದೇಶದ ರೂಪ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಆಫ್ರಿಕಾ ಎನ್ನುವವರೂ ಇದ್ದಾರೆ. ಆದರೆ ಹುಲಿ ಆಫ್ರಿಕಾದಲ್ಲಿ ಇಲ್ಲವಲ್ಲ, ನಾನು ಭಾರತ ಎನ್ನುವವರ ಪರ. ಆ ಮೂಲೆಯಲ್ಲಿ ನಿಂತರೆ ಯಾಕೋ ಎದೆ ತುಂಬಿ ಬರುತ್ತದೆ.

ಇನ್ನು ಸಿರಾಕ್ಯೂಸ್. ನನ್ನನ್ನು ಕೇಳಿದರೆ ಇಡೀ ಸಿಸಿಲಿಯಲ್ಲಿ ಒಂದೇ ಊರು ನೋಡಲು ಸಾಧ್ಯ ಅಂದರೆ ಇದನ್ನೇ ನೋಡಿ ಎನ್ನುತ್ತೇನೆ. ಹಳೇ ಊರಾದ ಒರ್ತೀಜಿಯಾ ಒಂದು ಪುಟ್ಟ ದ್ವೀಪ, ಸೇತುವೆ ದಾಟಿ ಹೋಗಬೇಕು. ಉಳಿಯುವುದಕ್ಕೆ ಅಲ್ಲೇ ಮನೆ ಹಿಡಿಯಿರಿ. ಹೆಚ್ಚು ಕಡಿಮೆ ಎಲ್ಲಾ ಸಮತಟ್ಟು, ಸಂಜೆ ಅಪ್ಪ ಅಮ್ಮ ತಾವೇ ಸುತ್ತಾಡಿ ಬರಬಹುದು.

ಅಲ್ಲಿಯ ಕತೀಡ್ರಲ್ ಹೊರಗಿನಿಂದ 18ನೇ ಶತಮಾನದ, ಅಲಂಕಾರ ತುಂಬಿದ ಬರೋಕ್ ಶೈಲಿಯ ಕಟ್ಟಡ. ಪಕ್ಕದ ಬೀದಿಗೆ ತಿರುಗಿ ನೋಡಿ. ಗೋಡೆಯೊಳಗೆ ದಪ್ಪ ಡೋರಿಕ್ ಕಂಬಗಳು ಹುದುಗಿವೆ. ಕ್ರಿ.ಪೂ. ಐದನೇ ಶತಮಾನದ ಅಥೀನಾ ದೇವಾಲಯದ ಕಂಬಗಳು ಅವು. ಕ್ರಿ.ಶ. ಏಳನೇ ಶತಮಾನದಲ್ಲಿ ಕಂಬಗಳ ನಡುವೆ ಗೋಡೆ ಕಟ್ಟಿ ಇಗರ್ಜಿ ಮಾಡಿದರು. 878ರಲ್ಲಿ ಊರು ಅರಬರ ಕೈಗೆ ಹೋದ ಮೇಲೆ ಅದೇ ಮಸೀದಿಯಾಯಿತು. ನಾರ್ಮನ್ನರ ಕಾಲಕ್ಕೆ ಮತ್ತೆ ಇಗರ್ಜಿ. 1693ರ ಭೂಕಂಪದಲ್ಲಿ ಮುಂಭಾಗ ಬಿತ್ತು, ಈಗಿನದನ್ನು ಆಮೇಲೆ ಕಟ್ಟಿದರು. ದೇವರು ಬದಲಾದರು, ಪ್ರಾರ್ಥನೆ ಮಾತ್ರ ಅದೇ ನೆಲದ ಮೇಲೆ ನಡೆದುಕೊಂಡೇ ಬಂದಿದೆ. ಒಳಗೆ ಹೋಗಿ ಆ ಕಂಬಗಳಲ್ಲಿ ಒಂದನ್ನು ಮುಟ್ಟಿ. ಆಮೇಲೆ ಚೌಕದಲ್ಲಿ ಸುಮ್ನೆ ಒಂದು ಗಂಟೆ ಕೂತುಕೊಳ್ಳಿ.

ಮುಖ್ಯ ಊರಿನ ಕಡೆ ನೆಯಾಪೊಲಿಸ್ ಪಾರ್ಕ್ ಇದೆ. ಬೆಟ್ಟದ ಬಂಡೆಯಲ್ಲೇ ಕಡಿದ ಗ್ರೀಕ್ ರಂಗಮಂದಿರ ಅಲ್ಲಿದೆ. ಗ್ರೀಕ್ ನಾಟಕಕಾರ ಎಸ್ಕಿಲಸ್‌ನ ನಾಟಕಗಳು ಅವನ ಕಾಲದಲ್ಲೇ ಈ ಊರಿನಲ್ಲಿ ನಡೆದಿದ್ದವು. 1914ರಲ್ಲಿ ಇಲ್ಲಿ ಗ್ರೀಕ್ ನಾಟಕಗಳನ್ನು ಮತ್ತೆ ಶುರುಮಾಡಿದರು. ಈಗಲೂ ಪ್ರತಿ ಬೇಸಿಗೆಯಲ್ಲಿ ಆಡುತ್ತಾರೆ. ನೀವು ಅಕ್ಟೋಬರ್‌ನಲ್ಲಿ ಹೋಗುವುದರಿಂದ ನಾಟಕ ಸಿಗುವುದಿಲ್ಲ. ಆದರೆ ಮರದ ಆಸನಗಳನ್ನು ತೆಗೆದಿರುತ್ತಾರೆ, ಕಲ್ಲಿನ ಮೆಟ್ಟಿಲುಗಳು ಪೂರ್ತಿ ಕಾಣುತ್ತವೆ. ಪಕ್ಕದ ಕಲ್ಲುಗಣಿಯಲ್ಲಿ 'ಡಯೊನೀಸಿಯಸ್‌ನ ಕಿವಿ' ಎಂಬ ಎತ್ತರದ ಗುಹೆಯಿದೆ. ಆ ಹೆಸರಿಟ್ಟದ್ದು ಚಿತ್ರಕಾರ ಕರವಾಜೊ ಅನ್ನುತ್ತಾರೆ. ಅಪ್ಪನಿಗೆ ಹಾಡು ಬಂದರೆ ಒಳಗೆ ಒಂದು ಸಾಲು ಹಾಡಿಸಿ, ದನಿ ಎಷ್ಟು ಹೊತ್ತು ಸುತ್ತುತ್ತದೆ ಎಂದು ನೋಡಿ. ಈ ಊರಿನ ಕಲ್ಲುಗಣಿಗಳಲ್ಲೇ ಕ್ರಿ.ಪೂ. 413ರಲ್ಲಿ ಸೋತ ಅಥೆನ್ಸ್ ಸೈನಿಕರನ್ನು ಸಾವಿರಗಟ್ಟಲೆ ಕೂಡಿಹಾಕಿದ್ದರು. ಬಿಸಿಲಿಗೆ, ಹಸಿವಿಗೆ ಬಹಳ ಜನ ಸತ್ತರು. ಅದು ಗೊತ್ತಿದ್ದರೆ ಗಣಿಯೊಳಗೆ ಈಗಿರುವ ನಿಂಬೆ ಗಿಡಗಳ ತಂಪು ತೋಟ ಬೇರೆಯೇ ರೀತಿ ಕಾಣುತ್ತದೆ. ಆರ್ಕಿಮಿಡೀಸ್ ಹುಟ್ಟಿದ್ದೂ ಇಲ್ಲೇ, ಕ್ರಿ.ಪೂ. 212ರಲ್ಲಿ ರೋಮನ್ ಸೈನಿಕನ ಕೈಯಲ್ಲಿ ಸತ್ತದ್ದೂ ಇಲ್ಲೇ. ಅವನ ಗೋರಿ ಎಂದು ಒಂದನ್ನು ತೋರಿಸುತ್ತಾರೆ. ಅದು ಆಮೇಲಿನ ರೋಮನ್ನರ ಕಾಲದ್ದು, ಅದಕ್ಕಾಗಿ ಅಮ್ಮನನ್ನು ನಡೆಸಬೇಡಿ.

ಸಿರಾಕ್ಯೂಸ್‌ನಿಂದ ಒಂದು ದಿನ ನೋಟೊ ನೋಡಿ ಬನ್ನಿ. 1693ರ ಭೂಕಂಪದಲ್ಲಿ ಹಳೆಯ ನೋಟೊ ನಾಶವಾಯಿತು, ಬೇರೆ ಜಾಗದಲ್ಲಿ ಹೊಸ ಊರನ್ನೇ ಕಟ್ಟಿದರು. ಎಲ್ಲಾ ಒಂದೇ ಜೇನು ಬಣ್ಣದ ಸುಣ್ಣಕಲ್ಲು. ಮಧ್ಯಾಹ್ನದ ಮೇಲೆ ಹೋದರೆ ಇಡೀ ಬೀದಿ ಹೊಳೆಯುತ್ತದೆ. ರಗೂಸಾ, ಮೋದಿಕಾ ಊರುಗಳೂ ಆ ಕಡೆಯೇ, ಆದರೆ ಮೆಟ್ಟಿಲು ಜಾಸ್ತಿ. ಮೋದಿಕಾದ ತರಿತರಿ ಚಾಕೊಲೇಟ್ ಬೇಕಿದ್ದರೆ ಸಿರಾಕ್ಯೂಸ್‌ನಲ್ಲೂ ಸಿಗುತ್ತದೆ.

ಊಟದ ಚಿಂತೆ ಬೇಡ. ಪಲೆರ್ಮೊದ ಬೀದಿಯಲ್ಲಿ 'ಪನೆಲ್ಲೆ' ಕೇಳಿ. ಕಡ್ಲೆಹಿಟ್ಟು ಕಲಸಿ, ಬೇಯಿಸಿ, ತೆಳ್ಳಗೆ ಕತ್ತರಿಸಿ ಕರಿದದ್ದು. ಎಳ್ಳು ಹಚ್ಚಿದ ಬನ್ನಿನಲ್ಲಿಟ್ಟು ಕೊಡುತ್ತಾರೆ. ಅಪ್ಪನಿಗೆ ನಮ್ಮ ಬಜ್ಜಿ ನೆನಪಾಗುವುದು ಖಂಡಿತ. ಬದನೆಕಾಯಿಯ 'ಪಾಸ್ತಾ ಅಲ್ಲಾ ನೋರ್ಮಾ', ಹುಳಿ ಸಿಹಿ ಬೆರೆತ 'ಕಪೊನಾತಾ' ಎಲ್ಲಾ ಕಡೆ ಇವೆ. ಹುಷಾರಾಗಿರಬೇಕಾದ ಕಡೆ ಬೇರೆ. ಅನ್ನದ ಉಂಡೆ 'ಅರಾಂಚಿನಾ'ದಲ್ಲಿ ಬೆಣ್ಣೆಯದು ಅಂತ ಹೇಳುವುದರಲ್ಲೂ ಹಂದಿಮಾಂಸ ಇರುತ್ತದೆ. 'ಸ್ಫಿಂಚೊನೆ' ಎಂಬ ದಪ್ಪ ಪಿಜ್ಜಾದಲ್ಲಿ ಮೀನು ಹಾಕುತ್ತಾರೆ. 'ಕನ್ನೊಲಿ'ಯ ಹೊರಪದರಕ್ಕೆ ಹಂದಿಕೊಬ್ಬು ಬಳಸುವುದು ಹಳೆಯ ರೂಢಿ, ಕೇಳಿಯೇ ತಿನ್ನಿ. ಪಾರ್ಮೆಜಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಅದು ಬೇಡವಾದರೆ 'ಸೆನ್ಸಾ ಫೊರ್ಮಾಜ್ಜೊ' (ಚೀಸ್ ಇಲ್ಲದೆ) ಅನ್ನಿ. ಬಾದಾಮಿಯ 'ಗ್ರಾನೀಟಾ' ಎಂಬ ತಣ್ಣನೆಯ ಮಂಜಿನ ಸಿಹಿ ಮಾತ್ರ ಯಾವ ಅನುಮಾನವೂ ಇಲ್ಲದೆ ದಿನವೂ ತಿನ್ನಬಹುದು.

ತಾವೊರ್ಮೀನಾ ಬಗ್ಗೆ ಕೇಳಿದ್ದಿರಿ. ರಂಗಮಂದಿರದಿಂದ ಎಟ್ನಾ ಕಾಣುವ ನೋಟ ಬಹಳ ಸುಂದರ, ಉಳಿದದ್ದು ಅಂಗಡಿ ಮತ್ತು ಜನಜಂಗುಳಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಆ ದಿನವನ್ನು ಎಟ್ನಾಕ್ಕೆ ಕೊಡುತ್ತಿದ್ದೆ. ರಿಫುಜೊ ಸಪಿಯೆಂತ್ಸಾ ಎಂಬಲ್ಲಿಗೆ, ಸುಮಾರು 1,900 ಮೀಟರ್ ಎತ್ತರದವರೆಗೆ ರಸ್ತೆಯಿದೆ. ಅಲ್ಲಿಂದ ಕೇಬಲ್ ಕಾರು ಸುಮಾರು 2,500 ಮೀಟರಿಗೆ ಒಯ್ಯುತ್ತದೆ. ಅಪ್ಪ ಅಮ್ಮನಿಗೆ ಅಷ್ಟು ಮೇಲೆ ಬೇಡವೆನಿಸಿದರೆ ರಸ್ತೆ ಮುಗಿಯುವಲ್ಲೇ ಸಿಲ್ವೆಸ್ತ್ರಿ ಎಂಬ ಹಳೆಯ ಜ್ವಾಲಾಮುಖಿ ಬಾಯಿಗಳಿವೆ, ಅಲ್ಲೇ ಓಡಾಡಬಹುದು. ಕೆಳಗೆ ಸೆಖೆಯಿದ್ದರೂ ಮೇಲೆ ಚಳಿ, ಸ್ವೆಟರ್ ಮತ್ತು ಗಟ್ಟಿ ಶೂ ಬೇಕೇ ಬೇಕು. ಗಾಳಿ ಜೋರಾದರೆ ಕೇಬಲ್ ಕಾರು ನಿಲ್ಲಿಸುತ್ತಾರೆ. ಅದಕ್ಕೇ ಈ ದಿನವನ್ನು ಮೊದಲೇ ಬುಕ್ ಮಾಡಿ ಕಟ್ಟಿಹಾಕಿಕೊಳ್ಳಬೇಡಿ. ಸಿರಾಕ್ಯೂಸ್‌ನಲ್ಲಿರುವಾಗ ಹಿಂದಿನ ರಾತ್ರಿ ಹವಾಮಾನ ನೋಡಿ ತೀರ್ಮಾನಿಸಿ. ಮೋಡ ಇದ್ದರೆ ಆ ದಿನ ನೋಟೊಗೆ ಹೋಗಿ, ಎಟ್ನಾವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.